ಗುರಿಗಿಂತ ಮೊದಲು ಕುತೂಹಲ: ಕಾಲುವೆ ಸೀಮೆಯವರಿಗೊಂದು ಕ್ಷೇಮದ ಕೈಪಿಡಿ

ಮಾನಸಿಕ ಆರೋಗ್ಯ ಸೇವೆಯ ಚರಿತ್ರೆಯಲ್ಲಿ ಬಳ್ಳಾರಿ ಜಿಲ್ಲೆಗೆ ಜಿಲ್ಲೆಯವರೇ ಮರೆತಿರುವ ಒಂದು ದೊಡ್ಡ ಸ್ಥಾನವಿದೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡ ಮೇಲೆ, ಮನೋರೋಗದ ಚಿಕಿತ್ಸೆಯನ್ನು ನಗರದ ದೊಡ್ಡಾಸ್ಪತ್ರೆಯಿಂದ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಳಿಸಲು ಸಾಧ್ಯವೇ ಎಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ 1990ರವರೆಗೆ ಪ್ರಯೋಗಿಸಿ ನೋಡಿದ್ದು ಇದೇ ಜಿಲ್ಲೆಯಲ್ಲಿ. ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಕೆಲವೇ ಅಗತ್ಯ ಔಷಧಿಗಳು ಅಲ್ಲಿಯೇ ಸಿಗುವಂತೆ ಮಾಡಿ, ರೋಗಿಗಳ ಸರಳ ದಾಖಲೆಯನ್ನು ಇಡುವ ಪದ್ಧತಿಯನ್ನು ತಂದ ಆ ಪ್ರಯೋಗವೇ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಅದರ ಗಮನ ಸಹಜವಾಗಿಯೇ ಕಾಯಿಲೆಯ ಮೇಲಿತ್ತು. ಕಾಯಿಲೆ ಇಲ್ಲದವರು ನಿಜಕ್ಕೂ ಚೆನ್ನಾಗಿ ಬದುಕುತ್ತಿದ್ದಾರೆಯೇ ಎಂಬುದು ಬೇರೆಯೇ ಪ್ರಶ್ನೆ. ತುಂಗಭದ್ರಾ ಕಾಲುವೆ ಸೀಮೆಯ ರೂಪನಗುಡಿ, ಕುರುಗೋಡು, ಸಿರುಗುಪ್ಪ ಭಾಗದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವು ಎತ್ತಿಕೊಳ್ಳುವುದು ಆ ಪ್ರಶ್ನೆಯನ್ನು.

ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೈಹಿಕ, ಮಾನಸಿಕ ಮತ್ತು ಸಾಮಾಜಿಕ ಕ್ಷೇಮವೂ ಹೌದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು 1948ರಿಂದಲೂ ಹೇಳುತ್ತ ಬಂದಿದೆ. ಈ ಕ್ಷೇಮವನ್ನು ಅಳೆಯುವುದು ಹೇಗೆ ಎಂದು ಯೋಚಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರೊಲ್ ರಿಫ್ ಅವರು 1989ರಲ್ಲಿ ಅದಕ್ಕೆ ಆರು ಮುಖಗಳನ್ನು ಗುರುತಿಸಿದರು. ಬದುಕಿಗೊಂದು ಉದ್ದೇಶವಿರುವುದು ಮತ್ತು ವ್ಯಕ್ತಿ ಬೆಳೆಯುತ್ತಲೇ ಇರುವುದು ಆ ಆರರಲ್ಲಿ ಎರಡು. ಅಂದಿನಿಂದ ಈ ವಿಷಯದ ಪುಸ್ತಕಗಳೂ ಭಾಷಣಗಳೂ ‘ಮೊದಲು ನಿಮ್ಮ ಗುರಿಯನ್ನು ಕಂಡುಕೊಳ್ಳಿ’ ಎಂಬ ಉಪದೇಶದಿಂದಲೇ ಶುರುವಾಗುವುದು ರೂಢಿಯಾಗಿದೆ. ಈ ಕ್ರಮವೇ ತಿರುವುಮುರುವಾದದ್ದು. ಬದುಕಿನ ಉದ್ದೇಶವು ಕರೆದಾಗ ಬರುವಂಥದ್ದಲ್ಲ. ಕುತೂಹಲದಿಂದ ನೋಡಿದ್ದನ್ನು ಸಾವಧಾನದಿಂದ ಹಿಡಿದಿಟ್ಟುಕೊಂಡವರಿಗೆ ಅದು ಕೊನೆಯಲ್ಲಿ, ಅನೇಕ ವೇಳೆ ಹೆಸರೇ ಇಲ್ಲದೆ, ಬಂದು ಸೇರುತ್ತದೆ. ಹೀಗಾಗಿ ಇಲ್ಲಿನ ಹೆಜ್ಜೆಗಳು ಕುತೂಹಲದಿಂದ ಆರಂಭವಾಗುತ್ತವೆ.

ಶುರು ಮಾಡುವ ಮುನ್ನ

ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಕೆಲಸ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಬದುಕುವುದೇ ಬೇಡವೆಂಬ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ, ಅದಕ್ಕೆ ಬೇಕಾದದ್ದು ಅಭ್ಯಾಸವಲ್ಲ, ಚಿಕಿತ್ಸೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹತ್ತಿರದ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣುವುದಕ್ಕೂ ಸಂಕೋಚ ಬೇಕಿಲ್ಲ. ಆ ದಾರಿಯನ್ನು ದೇಶಕ್ಕೆ ತೋರಿಸಿದ್ದೇ ಈ ಜಿಲ್ಲೆ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಬೆಲೆ ಕುಸಿದು ಸಾಲ ತೀರಿಸಲಾಗದೆ ಕುಳಿತಿರುವ ರೈತನಿಗೆ ಕಣ್ಮುಚ್ಚಿ ಉಸಿರು ಗಮನಿಸು ಎನ್ನುವುದು ಕ್ರೌರ್ಯ. ಕ್ಷೇಮದ ಅಭ್ಯಾಸಗಳು ನ್ಯಾಯವಾದ ಬೆಲೆಗೂ ಬೆಳೆ ವಿಮೆಗೂ ಬದಲಿಯಲ್ಲ, ಹಾಗೆಂದು ಯಾರಾದರೂ ಮಾರಲು ಬಂದರೆ ಅವರನ್ನು ನಂಬಬೇಕಾಗಿಲ್ಲ.

ಮೊದಲ ಹೆಜ್ಜೆ: ವಾರಕ್ಕೊಂದೇ ಪ್ರಶ್ನೆ

ಕುತೂಹಲವು ಕೆಲವರಿಗೆ ಮಾತ್ರ ಹುಟ್ಟಿನಿಂದ ಬರುವ ಗುಣವೆಂಬ ನಂಬಿಕೆ ವ್ಯಾಪಕವಾಗಿದೆ. ಅಮೆರಿಕದ ಚಿಂತಕ ಜಾರ್ಜ್ ಲೋವೆನ್‌ಸ್ಟೈನ್ ಅವರು 1994ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ, ತನಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕೆನಿಸುವುದಕ್ಕೂ ನಡುವಿನ ಅಂತರ ಅರಿವಿಗೆ ಬಂದಾಗ ಮನಸ್ಸಿನಲ್ಲಿ ಏಳುವ ಒಂದು ಬಗೆಯ ಕೊರತೆಯ ಭಾವವೇ ಕುತೂಹಲ. ಏನೂ ಗೊತ್ತಿಲ್ಲದ ವಿಷಯದಲ್ಲಿ ಈ ಭಾವ ಹುಟ್ಟುವುದು ಕಷ್ಟ. ಸ್ವಲ್ಪ ಗೊತ್ತಿದ್ದರೆ ತಾನೇ ಹುಟ್ಟುತ್ತದೆ. ಆದುದರಿಂದ ಅಭ್ಯಾಸಕ್ಕೆ ಆರಿಸಿಕೊಳ್ಳಬೇಕಾದದ್ದು ದೂರದ ನಕ್ಷತ್ರವನ್ನಲ್ಲ, ದಿನವೂ ಕೈ ಮುಟ್ಟುವ, ಅರ್ಧ ಮಾತ್ರ ಬಲ್ಲ ವಸ್ತುವನ್ನು.

ಮೆಣಸಿನಕಾಯಿ ಬೆಳೆಯುವ ಈ ಸೀಮೆಯಲ್ಲಿ ಅಂಥ ವಸ್ತುವಿಗೆ ಬರವಿಲ್ಲ. ಗಿಡದ ಎಲೆ ಮುದುರಿತೆಂದರೆ ‘ಎಣ್ಣೆ ಹೊಡೆಯಲು’ ಔಷಧಿ ಅಂಗಡಿಗೆ ಓಡುವುದು, ಅಂಗಡಿಯವನು ಕೊಟ್ಟ ಡಬ್ಬಿಯನ್ನು ತಂದು ಸಿಂಪಡಿಸುವುದು ವಾಡಿಕೆ. ಅಂಗಡಿಗೆ ಹೋಗುವ ಮೊದಲು ಆ ಎಲೆ ಯಾವ ಕಡೆಗೆ ಮುದುರಿದೆ ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಂಡರೆ ನೋಟವೇ ಬದಲಾಗುತ್ತದೆ. ಅಂಚುಗಳು ಮೇಲಕ್ಕೆ ಮಡಚಿ ಎಲೆ ದೋಣಿಯಂತಾಗಿದ್ದರೆ ಅದು ಸಾಮಾನ್ಯವಾಗಿ ಥ್ರಿಪ್ಸ್ ನುಸಿಯ ಕೆಲಸ. ಕೆಳಕ್ಕೆ ಬಾಗಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿಯದು. ಬಿಳಿನೊಣದಿಂದ ಹರಡುವ ನಂಜುರೋಗದ ಮುದುರು ಇವೆರಡಕ್ಕಿಂತ ಬೇರೆ. ಒಂದಕ್ಕೆ ಹೊಡೆದ ಔಷಧಿ ಅನೇಕ ವೇಳೆ ಇನ್ನೊಂದಕ್ಕೆ ನಾಟುವುದಿಲ್ಲ. 2021-22ರ ಹಂಗಾಮಿನಲ್ಲಿ ಕಪ್ಪು ಥ್ರಿಪ್ಸ್ ಹಾವಳಿ ಬಂದಾಗ, ಹೂವನ್ನು ಕಿತ್ತು ಬಿಳಿ ಹಾಳೆಯ ಮೇಲೆ ಕೊಡವಿದರೆ ಉದುರಿ ಓಡಾಡುವ ಕಪ್ಪು ಚುಕ್ಕೆಗಳನ್ನು ಬರಿಗಣ್ಣಿಂದಲೇ ನೋಡಬಹುದಾಗಿತ್ತು. ಹೀಗೆ ಕೊಡವಿ ನೋಡುವುದಕ್ಕೆ ಖರ್ಚಿಲ್ಲ, ಪದವಿ ಬೇಕಿಲ್ಲ. ನೋಡಿದ್ದನ್ನು ದಿನಾಂಕದೊಂದಿಗೆ ಒಂದು ನೋಟುಪುಸ್ತಕದಲ್ಲಿ ಬರೆದು, ವಾರದ ಕೊನೆಗೆ ಪಕ್ಕದ ಹೊಲದ ಹಿರಿಯರನ್ನೋ ತೋಟಗಾರಿಕೆ ಇಲಾಖೆಯ ಅಧಿಕಾರಿಯನ್ನೋ ಕೇಳಿದರೆ ಹೆಜ್ಜೆ ಪೂರ್ಣವಾಗುತ್ತದೆ. ಕೇಳುವ ಭಾಗವನ್ನು ಬಿಡಬಾರದು, ಏಕೆಂದರೆ ಪ್ರಶ್ನೆಯು ಇನ್ನೊಬ್ಬರ ಮನೆಯ ಜಗಲಿಗೆ ಹೋಗುವಂತೆ ಮಾಡುತ್ತದೆ. ಒಂಟಿತನಕ್ಕೆ ಅದಕ್ಕಿಂತ ಅಗ್ಗದ ಔಷಧಿ ಕಾಣುವುದಿಲ್ಲ.

ಹೊಲವಿಲ್ಲದವರಿಗೂ ವಿದ್ಯಾರ್ಥಿಗಳಿಗೂ ಊರಿನ ಸುತ್ತಲೇ ಪ್ರಶ್ನೆಗಳು ಬಿದ್ದಿವೆ. ಸಂಗನಕಲ್ಲು ಮತ್ತು ಕಪ್ಪಗಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ತಯಾರಿಸಿದ, ಬಂಡೆಗಳ ಮೇಲೆ ಎತ್ತುಗಳ ಚಿತ್ರ ಕುಟ್ಟಿದ ನೆಲೆಗಳಿವೆ. ಸಣ್ಣ ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಹೊರಡಿಸುವ ಬಂಡೆಗಳೂ ಅಲ್ಲಿವೆ. ಈ ಪ್ರದೇಶದ ಪ್ರಾಗಿತಿಹಾಸವನ್ನು 19ನೆಯ ಶತಮಾನದಲ್ಲಿ ಶೋಧಿಸಿದ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯ ಬಳ್ಳಾರಿ ನಗರದಲ್ಲಿಯೇ ಇದೆ. ಸಿರುಗುಪ್ಪದ ಕಡೆಯವರಿಗೆ ನಿಟ್ಟೂರು ಮತ್ತು ಉದೇಗೋಳದ ಅಶೋಕ ಶಾಸನಗಳಿವೆ. ಶಾಸನಗಳಲ್ಲಿ ಬಿರುದಿನಿಂದಲೇ ಕರೆದುಕೊಳ್ಳುತ್ತಿದ್ದ ಆ ಚಕ್ರವರ್ತಿಯ ಸ್ವಂತ ಹೆಸರು ಕಾಣಿಸುವ ಕೆಲವೇ ಶಾಸನಗಳಲ್ಲಿ ಇವು ಸೇರಿವೆ. ಇಷ್ಟು ಹತ್ತಿರವಿದ್ದೂ ನೋಡದವರೇ ಹೆಚ್ಚು ಎಂಬುದು ಬೇಸರದ ಸಂಗತಿ.

ಕುತೂಹಲ ಕೆರಳಿದ ಸ್ಥಿತಿಯಲ್ಲಿ ಮಿದುಳು ಕೇಳಿದ ಪ್ರಶ್ನೆಯ ಉತ್ತರವನ್ನಷ್ಟೇ ಅಲ್ಲ, ಆ ಹೊತ್ತಿನಲ್ಲಿ ಕಣ್ಣಿಗೆ ಬಿದ್ದ ಸಂಬಂಧವಿಲ್ಲದ ವಿವರವನ್ನೂ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ ಎಂದು 2014ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಸಂಶೋಧನೆಯೊಂದು ತೋರಿಸಿದೆ. ಆದರೆ ಎಲ್ಲ ಕುತೂಹಲವೂ ಒಂದೇ ಅಲ್ಲ. ಬೇಸರ ಕಳೆಯಲು ಏನಾದರೊಂದು ಹೊಸದನ್ನು ಹುಡುಕುವ ಕುತೂಹಲವನ್ನೂ, ಒಂದು ನಿರ್ದಿಷ್ಟ ವಿಷಯವನ್ನು ತಿಳಿಯಬೇಕೆಂಬ ಕುತೂಹಲವನ್ನೂ ಡೇನಿಯಲ್ ಬರ್ಲಿನ್ ಎಂಬ ಮನಶ್ಶಾಸ್ತ್ರಜ್ಞ ಕಳೆದ ಶತಮಾನದ ಮಧ್ಯದಲ್ಲಿಯೇ ಬೇರ್ಪಡಿಸಿದ್ದರು. ಮೊಬೈಲಿನಲ್ಲಿ ರೀಲ್ಸ್ ತಳ್ಳುತ್ತ ಕೂರುವುದು ಮೊದಲ ಬಗೆಯದು. ಅದಕ್ಕೆ ಮುಗಿತಾಯವಿಲ್ಲ, ಮುಗಿದ ಮೇಲೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ.

ಎರಡನೆಯ ಹೆಜ್ಜೆ: ಒಂದು ಕೆಲಸಕ್ಕೆ ಪೂರ್ತಿ ಗಮನ

ಸಾವಧಾನವೆಂದರೆ ಈಗ, ಇಲ್ಲಿ ನಡೆಯುತ್ತಿರುವುದನ್ನು ಒಳ್ಳೆಯದು ಕೆಟ್ಟದ್ದೆಂದು ತೀರ್ಪು ಕೊಡದೆ ಉದ್ದೇಶಪೂರ್ವಕವಾಗಿ ಗಮನಿಸುವುದು. ಬೌದ್ಧರ ಧ್ಯಾನ ಪದ್ಧತಿಯಲ್ಲಿ ಬೇರೂರಿದ್ದ ಈ ಅಭ್ಯಾಸವನ್ನು ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಕೆಲವು ವಾರಗಳ ತರಬೇತಿಯಾಗಿ ರೂಪಿಸಿದ ಮೇಲೆ ಅದು ಆಸ್ಪತ್ರೆಗಳಿಗೆ ಬಂದಿತು. ಜನರ ಮೊಬೈಲಿಗೆ ದಿನದ ನಾನಾ ಹೊತ್ತಿನಲ್ಲಿ ಪ್ರಶ್ನೆ ಕಳುಹಿಸಿ 2010ರಲ್ಲಿ ನಡೆಸಿದ ಅಧ್ಯಯನವೊಂದರಲ್ಲಿ, ಎಚ್ಚರವಿರುವ ಸಮಯದ ಸುಮಾರು ಶೇ 47ರಷ್ಟನ್ನು ಮನಸ್ಸು ಕೈಯಲ್ಲಿರುವ ಕೆಲಸವನ್ನು ಬಿಟ್ಟು ಬೇರೆಲ್ಲೋ ಕಳೆಯುತ್ತದೆ ಎಂದೂ, ಹಾಗೆ ಅಲೆಯುವಾಗ ಜನ ಕಡಿಮೆ ಸಂತೋಷದಿಂದಿರುತ್ತಾರೆ ಎಂದೂ ಕಂಡುಬಂದಿತು.

ಇದಕ್ಕೆ ಪ್ರತ್ಯೇಕ ಕೋಣೆಯೂ ಚಾಪೆಯೂ ಬೇಕೆಂದರೆ ಹೆಚ್ಚಿನ ಮನೆಗಳಲ್ಲಿ ಅಭ್ಯಾಸ ಅಲ್ಲಿಗೇ ನಿಲ್ಲುತ್ತದೆ. ದಿನವೂ ಮಾಡುವ ಒಂದು ಕೆಲಸವನ್ನೇ ಆರಿಸಿಕೊಳ್ಳುವುದು ಮೇಲು. ಜೋಳದ ರೊಟ್ಟಿ ಬಡಿಯುವುದನ್ನೇ ತೆಗೆದುಕೊಳ್ಳಬಹುದು: ಎಸರಿಗೆ ಹಾಕಿದ ಹಿಟ್ಟು ಕೈ ಸುಡುವಷ್ಟು ಬಿಸಿಯಿರುವಾಗ ನಾದುವುದು, ಅಂಗೈ ಬಿದ್ದಂತೆಲ್ಲ ಉಂಡೆ ಅಗಲವಾಗುತ್ತ ತಿರುಗುವುದು, ದಪ್ಪವಿದ್ದಾಗ ಮಂದವಾಗಿದ್ದ ಸದ್ದು ತೆಳುವಾದಂತೆ ಬದಲಾಗುವುದು, ನಾದಿದ್ದು ಸಾಲದಾದಾಗ ಅಂಚು ಬಿರಿಯುವುದು, ಹಂಚಿನ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿದಾಗ ಏಳುವ ಆವಿ. ಮೊದಲ ಎರಡು ರೊಟ್ಟಿಗಳಿಗೆ ಮಾತ್ರ ಟಿ.ವಿ., ಮೊಬೈಲು, ಮಾತು ಎಲ್ಲವನ್ನೂ ನಿಲ್ಲಿಸಿ ಇವಿಷ್ಟನ್ನೇ ಗಮನಿಸಬೇಕು. ಮನಸ್ಸು ಸಂಘದ ಕಂತಿಗೋ ಮಗಳ ಶಾಲೆಯ ಶುಲ್ಕಕ್ಕೋ ಓಡಿಹೋಗುತ್ತದೆ. ಓಡಿತೆಂದು ತಿಳಿದ ಕ್ಷಣದಲ್ಲಿ ಬೈದುಕೊಳ್ಳದೆ ಅಂಗೈಗೆ ಮರಳಿ ತರುವುದೇ ಅಭ್ಯಾಸ. ಓಡದಿರುವುದು ಅಭ್ಯಾಸದ ಗುರಿಯಲ್ಲ. ಮೂರನೆಯ ರೊಟ್ಟಿಯಿಂದ ಮಾತುಕತೆ ಎಂದಿನಂತೆ ನಡೆಯಲಿ. ಗಂಡಸರಿಗೆ ಈ ಅಭ್ಯಾಸ ಸಿಗಬೇಕೆಂದರೆ ಅವರೂ ರೊಟ್ಟಿ ಬಡಿಯಬಹುದು, ಅಡ್ಡಿಯೇನಿಲ್ಲ; ಗದ್ದೆಗೆ ನೀರು ಕಟ್ಟುವ ಮೊದಲ ಹತ್ತು ನಿಮಿಷಗಳೂ ಆಗುತ್ತವೆ.

ಬೆಳಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನಿಲ್ಲಿಸುವವರಿಗೂ, ನಮಾಜು ಮಾಡುವವರಿಗೂ, ಭಜನೆಯಲ್ಲಿ ತಾಳ ಹಿಡಿಯುವವರಿಗೂ ಗಮನವನ್ನು ಮರಳಿ ತರುವುದು ಹೊಸದಲ್ಲ. ಯಾಂತ್ರಿಕವಾಗಿರುವುದನ್ನು ಜೀವಂತ ಮಾಡಿಕೊಂಡರೆ ಸಾಕು. ಹಿಂದೆ ದೊಡ್ಡ ಆಘಾತ ಅನುಭವಿಸಿದವರಿಗೆ ಕಣ್ಮುಚ್ಚಿ ಕೂರುವುದರಿಂದ ತಳಮಳ ಹೆಚ್ಚಾಗುವುದುಂಟು. ಅಂಥವರು ಕಣ್ತೆರೆದು, ಕೈಕೆಲಸದೊಂದಿಗೆ ಮಾಡುವುದು, ಹೆಚ್ಚಿದರೆ ನಿಲ್ಲಿಸಿಬಿಡುವುದು ಸರಿಯಾದ ಕ್ರಮ.

ಮೂರನೆಯ ಹೆಜ್ಜೆ: ಉದ್ದೇಶದಲ್ಲಿ ಇನ್ನೊಬ್ಬರ ಹೆಸರು

ಗುರಿ ಮತ್ತು ಉದ್ದೇಶಗಳನ್ನು ಬೇರ್ಪಡಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಗುರಿಯು ಮುಟ್ಟಿದೊಡನೆ ಮುಗಿಯುತ್ತದೆ: ಎಕರೆಗೆ ಇಷ್ಟು ಚೀಲ ಭತ್ತ, ಪರೀಕ್ಷೆಯಲ್ಲಿ ಇಷ್ಟು ಅಂಕ. ಉದ್ದೇಶವು ಯಾವ ದಿಕ್ಕಿಗೆ ನಡೆಯಬೇಕೆಂಬುದನ್ನು ಮಾತ್ರ ತಿಳಿಸುತ್ತದೆ, ಮುಗಿಯುವುದಿಲ್ಲ. ದುಡಿಮೆಯನ್ನೇ ಪೂಜೆಯೆಂದು ಎಣಿಸುವ ಕಾಯಕ, ದುಡಿದದ್ದನ್ನು ಹಂಚಿಕೊಳ್ಳುವ ದಾಸೋಹ ಎಂಬ ಎರಡನ್ನು 12ನೆಯ ಶತಮಾನದ ಶರಣರು ಜೋಡಿಸಿಯೇ ಹೇಳಿದ್ದರಲ್ಲಿ ಈ ತಿಳಿವಳಿಕೆ ಇದೆ. ಅಮೆರಿಕದಲ್ಲಿ 6,000ಕ್ಕೂ ಹೆಚ್ಚು ವಯಸ್ಕರನ್ನು 14 ವರ್ಷ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬದುಕಿಗೆ ಉದ್ದೇಶವಿದೆ ಎಂದವರು ಆ ಅವಧಿಯಲ್ಲಿ ಸಾಯುವ ಸಂಭವ ಕಡಿಮೆಯಿದ್ದುದು, ಅದೂ ಯುವಕರು ಮುದುಕರೆನ್ನದೆ ಕಡಿಮೆಯಿದ್ದುದು ಕಂಡಿತು. ಉದ್ದೇಶವೇ ಆಯುಸ್ಸಿಗೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆರೋಗ್ಯವಂತರಿಗೆ ಉದ್ದೇಶ ಇಟ್ಟುಕೊಳ್ಳುವುದು ಸುಲಭ ಎಂಬ ಸಾಧ್ಯತೆಯೂ ಇದೆ.

ಹತ್ತಿರದ ಉದಾಹರಣೆಗಳು ಅಂಕಿಅಂಶಗಳಿಗಿಂತ ಹೆಚ್ಚು ಕಲಿಸುತ್ತವೆ. 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಈ ಸೀಮೆಯ ಇಡೀ ವರ್ಷದ ನೀರು ನದಿಗೆ ಹರಿಯತೊಡಗಿತು. ಗೇಟಿನ ಜಾಗದಲ್ಲಿ ಒಂದರ ಮೇಲೊಂದರಂತೆ ಇಳಿಸುವ ಉಕ್ಕಿನ ಹಲಗೆಗಳಿಗೆ ಸ್ಟಾಪ್‌ಲಾಗ್ ಎನ್ನುತ್ತಾರೆ. ಅವನ್ನು ರಭಸದಿಂದ ಹರಿಯುವ ನೀರಿನಲ್ಲಿಯೇ ಇಳಿಸುವ ಕೆಲಸವು ಒಂದು ವಾರದ ಹೊತ್ತಿಗೆ ಸಾಧ್ಯವಾದದ್ದು, ನಿವೃತ್ತಿಯ ವಯಸ್ಸನ್ನು ಎಂದೋ ದಾಟಿದ್ದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ. ಜೀವಮಾನವೆಲ್ಲ ಗೇಟುಗಳನ್ನೇ ನೋಡುತ್ತ ಬಂದ ತಿಳಿವಳಿಕೆ ಆ ವಾರ ಲಕ್ಷಾಂತರ ಜನರ ಬೆಳೆಗೆ ಒದಗಿತು. ಓದು ಬರಹ ಕಲಿಯದೆ, ದೀರ್ಘವಾದ ಜನಪದ ಮಹಾಕಾವ್ಯಗಳನ್ನು ನೆನಪಿನಲ್ಲಿಟ್ಟು ಬುರ್ರಕಥೆಯಾಗಿ ಹಾಡಿ 2014ರಲ್ಲಿ ತೀರಿಕೊಂಡ ದರೋಜಿಯ ಈರಮ್ಮ ಅವರದೂ ಅಂಥದೇ ಬದುಕು.

ಮಾಡಬೇಕಾದದ್ದು ಇಷ್ಟು. ಹಿಂದಿನ ವಾರಗಳ ನೋಟುಪುಸ್ತಕವನ್ನು ತೆಗೆದು, ಯಾವ ವಿಷಯ ಮತ್ತೆ ಮತ್ತೆ ಬಂದಿದೆ ಎಂದು ನೋಡುವುದು; ಆ ವಿಷಯದ ತಿಳಿವಳಿಕೆ ತನ್ನ ಮನೆಯಾಚೆಗೆ ಯಾರಿಗೆ ಬೇಕಾಗಬಹುದೆಂದು ಯೋಚಿಸಿ, ಆ ವ್ಯಕ್ತಿಯ ಹೆಸರಿರುವ ಒಂದು ವಾಕ್ಯ ಬರೆಯುವುದು. ‘ಕೀಟಗಳ ಬಗ್ಗೆ ತಿಳಿಯಬೇಕು’ ಎಂಬುದು ವಾಕ್ಯವಾಗದು; ‘ಪಕ್ಕದ ಹೊಲದವರು ಎಣ್ಣೆ ಹೊಡೆಯುವ ಮುನ್ನ ಎಲೆಯನ್ನು ತಿರುವಿ ತೋರಿಸುವೆ’ ಎಂಬುದು ಆದೀತು. ಫಲ ಮಳೆಯನ್ನೋ ಮಾರುಕಟ್ಟೆಯನ್ನೋ ಅವಲಂಬಿಸಿರುವ ವಾಕ್ಯವಾದರೆ ತನ್ನ ಕೈಯಲ್ಲಿರುವ ಭಾಗವನ್ನಷ್ಟೇ ಉಳಿಸಿಕೊಂಡು ಮತ್ತೆ ಬರೆಯಬೇಕು.

ಯಾವಾಗ, ಯಾರೊಂದಿಗೆ

ಜಲಾಶಯದ ಮಟ್ಟ ನೋಡಿಕೊಂಡು ಸಾಮಾನ್ಯವಾಗಿ ಜುಲೈ ಹೊತ್ತಿಗೆ ಕಾಲುವೆಗೆ ನೀರು ಬಿಟ್ಟ ಮೇಲೆ ನಾಟಿಯ ಗಡಿಬಿಡಿಯಲ್ಲಿ ಹೊಸ ಅಭ್ಯಾಸವೊಂದು ನೆಲೆಯೂರುವುದು ಕಷ್ಟ. ಬೇಸಿಗೆಯ ಬಿಡುವಿನಲ್ಲಿ ಮೊದಲ ಎರಡು ಹೆಜ್ಜೆಗಳನ್ನು ಆರಂಭಿಸಿ, ಮೂರನೆಯದನ್ನು ಬೆಳೆ ಕೈಗೆ ಬಂದ ಮೇಲಕ್ಕೆ ಮುಂದೂಡಿದರೆ ಕೆಲಸದ ಕಾಲಕ್ಕೆ ಹೊಂದುತ್ತದೆ. ದುಡಿಮೆಗಾಗಿ ಬೆಂಗಳೂರಿಗೆ ಗುಳೆ ಹೋಗುವವರು ನೋಟುಪುಸ್ತಕದ ಬದಲು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಬಹುದು. ಬರೆಯಲು ಬಾರದ ಹಿರಿಯರಿದ್ದ ಮನೆಯಲ್ಲಿ ಅವರು ಹೇಳಿದ್ದನ್ನು ಶಾಲೆಗೆ ಹೋಗುವ ಮೊಮ್ಮಕ್ಕಳು ಬರೆದುಕೊಳ್ಳಲಿ. ಮಕ್ಕಳು ನಡುವೆ ಪ್ರಶ್ನೆ ಕೇಳಿದರೆ ಅವನ್ನೂ ಅದೇ ಪುಟದಲ್ಲಿ ಸೇರಿಸಿ, ಮುಂದಿನ ವಾರದ ಪ್ರಶ್ನೆಯನ್ನು ಅವುಗಳಿಂದಲೇ ಆರಿಸಿಕೊಳ್ಳಬಹುದು.