ಡೇಟ್ ದಾಟಿದ ಮಗಳಿಗೆ

ಡೇಟ್ ದಾಟಿ ನಾಲ್ಕು ದಿನವಾಯಿತು ಅಂತ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದೀಯ. ಕೈಯಲ್ಲಿ ಫೋನು, ಫೋನಿನಲ್ಲಿ ಅನಾನಸ್ ತಿಂದರೆ ನೋವು ಬರುತ್ತದಂತೆ ಅನ್ನುವ ವಿಡಿಯೊ. ಪಕ್ಕದ ಮನೆಯವಳು ಕಾಂಪೌಂಡಿನ ಆಚೆಯಿಂದಲೇ ‘ಇನ್ನೂ ಆಗ್ಲಿಲ್ವಾ?’ ಅಂತ ದಿನಕ್ಕೆರಡು ಸಲ ವಿಚಾರಿಸುತ್ತಾಳೆ. ಗಂಡ ರಜೆ ಹಾಕಿ ಬಂದಿದ್ದಾನೆ. ಅವನ ರಜೆ ಮುಗಿಯುವುದರೊಳಗೆ ಮಗು ಹುಟ್ಟಿಬಿಡಬೇಕು. ಹೆಸರು ಗೊತ್ತುಮಾಡಿಯಾಯಿತು, ತೊಟ್ಟಿಲು ಆನ್‌ಲೈನಿನಲ್ಲಿ ತರಿಸಿಯಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ಹಿರಿಯರು ಹೇಳಿದ್ದು ಯಾರಿಗೆ ಅಂದುಕೊಂಡೆ?

ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಅನ್ನಿಸಿಕೊಂಡೇ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಒಂದು ಮಾತು ಕೇಳು. ಹೇಳಿದ ದಿನಕ್ಕೆ ಸರಿಯಾಗಿ ಹುಟ್ಟುವ ಕೂಸುಗಳು ನೂರಕ್ಕೆ ನಾಲ್ಕೋ ಐದೋ. ಮಿಕ್ಕವೆಲ್ಲ ತಮ್ಮ ಪಾಡಿಗೆ ಹಿಂದೆ ಮುಂದೆ ಬರುತ್ತವೆ. ಹಾಗಾಗಿ ನಾಲ್ಕು ದಿನಕ್ಕೆ ಅಳುವಂಥದ್ದೇನೂ ಇಲ್ಲ. ಹಾಗಂತ ನಾಲ್ಕು ವಾರವಾದರೂ ಕಾಯುತ್ತೇನೆ ಅಂತ ಜಂಬ ಕೊಚ್ಚುವ ಹಾಗೂ ಇಲ್ಲ. ಕಾಯುವುದಕ್ಕೂ ಒಂದು ಲೆಕ್ಕವಿದೆ.

ಮೊದಲು ಆ ಡೇಟ್ ಎಲ್ಲಿಂದ ಬಂತು ನೋಡು. ಜರ್ಮನಿಯ ಫ್ರಾಂಜ್ ನೇಗೆಲೆ ಅನ್ನುವ ವೈದ್ಯರ ಹೆಸರಿನಲ್ಲಿ 19ನೇ ಶತಮಾನದಿಂದ ಬಳಕೆಯಲ್ಲಿರುವ ಲೆಕ್ಕ ಅದು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸು. ಮಾರ್ಚ್ 10ಕ್ಕೆ ಮುಟ್ಟಾಗಿದ್ದರೆ ಡಿಸೆಂಬರ್ 17. ಎಲ್ಲ ಸೇರಿ ಸುಮಾರು 280 ದಿನ, ಅಂದರೆ 40 ವಾರ. ನಮ್ಮಜ್ಜಿಯರು ಒಂಬತ್ತು ತಿಂಗಳು ಒಂಬತ್ತು ದಿನ ಅನ್ನುತ್ತಿದ್ದರು. ಜರ್ಮನಿಯ ಡಾಕ್ಟರಿಗೂ ಅವರಿಗೂ ಎರಡೇ ದಿನದ ಜಗಳ. ಆದರೆ ಈ ಲೆಕ್ಕ ನಡೆಯುವುದು 28 ದಿನಕ್ಕೊಮ್ಮೆ ತಪ್ಪದೆ ಮುಟ್ಟಾಗುವವಳಿಗೆ. ನಿನಗೆ 35 ದಿನಕ್ಕೊಮ್ಮೆ ಆಗುತ್ತಿದ್ದರೆ ನಿಜವಾದ ಡೇಟ್ ಒಂದು ವಾರ ಮುಂದಿದೆ. ಆಗ ನೀನು ‘ದಾಟಿತು’ ಅಂತ ಕಣ್ಣೀರು ಹಾಕುತ್ತಿರುವುದು ಇನ್ನೂ ಬಾರದ ದಿನಕ್ಕೆ!

ಇನ್ನು ಸ್ಕ್ಯಾನ್ ರಿಪೋರ್ಟುಗಳು. ನಿನ್ನ ಫೈಲಿನಲ್ಲಿ ನಾಲ್ಕು ರಿಪೋರ್ಟ್ ಇವೆ, ನಾಲ್ಕರಲ್ಲೂ ನಾಲ್ಕು ಡೇಟ್. ಮನೆಯಲ್ಲಿ ಒಬ್ಬೊಬ್ಬರೂ ತಮಗೆ ಒಪ್ಪುವುದನ್ನು ಹಿಡಿದುಕೊಂಡಿದ್ದಾರೆ. ಅತ್ತೆಗೆ ಹುಣ್ಣಿಮೆಯ ಹತ್ತಿರದ್ದು ಬೇಕು, ಗಂಡನಿಗೆ ರಜೆಯೊಳಗಿನದು. ಮೂರು ತಿಂಗಳೊಳಗೆ ಮಾಡಿಸಿದ ಮೊದಲ ಸ್ಕ್ಯಾನಿನ ಲೆಕ್ಕವೇ ಎಲ್ಲಕ್ಕಿಂತ ನಂಬಿಕೆಯದ್ದು. ಆ ವಯಸ್ಸಿನಲ್ಲಿ ಎಲ್ಲ ಭ್ರೂಣಗಳೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಬೆಳೆಯುತ್ತವೆ. ಎಂಟನೇ ತಿಂಗಳ ಸ್ಕ್ಯಾನ್ ಹೇಳುವುದು ಮಗು ದಪ್ಪಗಿದೆಯೋ ಸಣಕಲೋ ಅನ್ನುವುದನ್ನು. ಅದರ ಡೇಟ್ ಎರಡು ಮೂರು ವಾರ ಅತ್ತಿತ್ತ ಆಗಬಹುದು. ಡಾಕ್ಟರು ಮೊದಲ ಸ್ಕ್ಯಾನ್ ನೋಡಿ ತಾಯಿ ಕಾರ್ಡಿನಲ್ಲಿ ಬರೆದದ್ದೇ ಡೇಟ್. ಮಿಕ್ಕದ್ದನ್ನು ಮರೆತುಬಿಡು.

ಲೆಕ್ಕ ಸರಿಯಾಯಿತಲ್ಲ, ಈಗ ಕಾಯುವ ಮಾತು. ಬಿ.ಪಿ. ಇಲ್ಲ, ಸಕ್ಕರೆ ಇಲ್ಲ, ಒಂದೇ ಕೂಸು, ತಲೆ ಕೆಳಗಿದೆ, ಬೆಳವಣಿಗೆ ಸರಿಯಿದೆ ಅಂತಿದ್ದರೆ 41 ವಾರದವರೆಗೆ ನೋಡಬಹುದು. 41 ತುಂಬಿದ್ದು ಖಚಿತವಾದರೆ ನೋವು ಬರಿಸುವುದು ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ತೊಂದರೆ ಏನೂ ಇಲ್ಲದವಳಿಗೆ ಅದಕ್ಕೂ ಮೊದಲು ಬೇಡ ಅಂತಲೂ ಹೇಳುತ್ತದೆ. ಮೇಲೆ ಹೇಳಿದ್ದರಲ್ಲಿ ಒಂದು ತೊಂದರೆ ಇದ್ದರೂ ಈ ಲೆಕ್ಕ ನಿನಗಲ್ಲ. ಆಗ ಡಾಕ್ಟರು ಹೇಳಿದ ದಿನಕ್ಕೆ ಚೀಲ ಕಟ್ಟಿಕೊಂಡು ಹೊರಡು.

41ರ ಗೆರೆ ಯಾಕೆ ಅಂತ ಕೇಳುತ್ತೀಯ. ಮಗುವಿಗೆ ಅನ್ನ, ಗಾಳಿ ಎರಡೂ ಹೋಗುವುದು ಮಾಸಿನಿಂದ. ದಿನ ತುಂಬಿದ ಮೇಲೆ ಅದರ ಕಸುವು ಕಮ್ಮಿಯಾಗಬಹುದು, ಸುತ್ತಲಿನ ನೀರೂ ಇಳಿಯಬಹುದು. ಮಗು ಒಳಗೇ ಮಲ ಮಾಡಿಕೊಂಡು ಅದನ್ನು ಉಸಿರಿನ ಜೊತೆ ಎಳೆದುಕೊಳ್ಳುವುದೂ ಉಂಟು. ಸ್ವೀಡನ್ನಿನಲ್ಲಿ 2,760 ಬಸುರಿಯರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ 41 ವಾರಕ್ಕೆ ನೋವು ಬರಿಸಿದರು, ಇನ್ನೊಂದು ಗುಂಪು 42ರವರೆಗೆ ಕಾಯಿತು. ಕಾದವರಲ್ಲಿ ಆರು ಕೂಸುಗಳು ಹೋದವು, ಇನ್ನೊಂದರಲ್ಲಿ ಒಂದೂ ಇಲ್ಲ. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿ 2019ರಲ್ಲಿ ಫಲಿತಾಂಶ ಹೊರಗೆ ಹಾಕಿದರು. ಸಾವಿರಕ್ಕೂ ಹೆಚ್ಚು ಜನರಲ್ಲಿ ಆರು ಅಂದರೆ ಕಮ್ಮಿಯೇ. ಆದರೆ ಆ ಆರರಲ್ಲಿ ಒಂದು ಯಾರ ಮನೆಯದೋ ಆಗಿರುತ್ತದಲ್ಲ.

ನಮ್ಮವರಿಗೆ ಇನ್ನೊಂದು ಮಾತೂ ಇದೆ. ಮೆಲ್ಬರ್ನ್ ಕಡೆ ಹೆರಿಗೆಗಳ ಲೆಕ್ಕ ತೆಗೆದು ನೋಡಿದಾಗ, ದಕ್ಷಿಣ ಏಷ್ಯಾದಲ್ಲಿ ಹುಟ್ಟಿದ ತಾಯಂದಿರಿಗೆ ಕೊನೆಯ ವಾರಗಳ ಅಪಾಯ ಅಲ್ಲಿಯವರಿಗಿಂತ ಮೊದಲೇ ಏರುವುದು ಕಂಡುಬಂತು. ಅಲ್ಲಿರುವ ಕನ್ನಡದ ಹುಡುಗಿಯರಿಗೆ ಡಾಕ್ಟರು ಬೇಗನೇ ನಿಗಾ ಇಡಲು ಶುರುಮಾಡಿದರೆ ಗಾಬರಿಯಾಗಬಾರದು. ಇಲ್ಲಿಯ ಡಾಕ್ಟರು 40 ದಾಟುತ್ತಿದ್ದಂತೆ ಎರಡು ಮೂರು ದಿನಕ್ಕೊಮ್ಮೆ ಬಾ ಅಂದರೆ ಬಿಲ್ಲು ಬೆಳೆಸಲು ಅಂತ ಗೊಣಗಲೂಬಾರದು. ಹೊಟ್ಟೆಗೆ ಬೆಲ್ಟ್ ಕಟ್ಟಿ ಎದೆಬಡಿತ ನೋಡುವ ಎನ್.ಎಸ್.ಟಿ., ನೀರು ಎಷ್ಟಿದೆ ಅನ್ನುವ ಸ್ಕ್ಯಾನ್ — ಈ ಎರಡಿಲ್ಲದೆ ಡೇಟ್ ದಾಟಿಸಿ ಕಾಯುವುದು ಕಣ್ಣು ಮುಚ್ಚಿ ಕಾದ ಹಾಗೆಯೇ.

‘ನಮ್ಮ ಕಾಲದಲ್ಲಿ ಡೇಟ್ ಎಲ್ಲಿತ್ತು? ಸೂಲಗಿತ್ತಿ ಬರುತ್ತಿದ್ದಳು, ಹೆತ್ತು ಏಳುತ್ತಿದ್ದೆವು’ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಸೂಲಗಿತ್ತಿಯರ ಕೈಗುಣಕ್ಕೆ ನಾನೂ ಕೈ ಮುಗಿಯುತ್ತೇನೆ. ಪಾವಗಡದ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಬಂತು. ಆದರೆ ಹಾಗೆ ಹೇಳುವವರೆಲ್ಲ ಬದುಕಿ ಉಳಿದವರು ಕಣೇ. ಹೆರಿಗೆಯಲ್ಲೇ ಹೋದವಳು ಜಗಲಿಯ ಮೇಲೆ ಕೂತು ಹರಟಲು ಬರುವುದಿಲ್ಲ.

ಮನೆಮದ್ದಿನ ವಿಷಯಕ್ಕೆ ಬಾ, ನಿನಗೆ ಬೇಕಿದ್ದು ಅದೇ ತಾನೆ. ಜೀರಿಗೆ ಕಷಾಯ ಕುಡಿ, ಬೇಡ ಅನ್ನುವುದಿಲ್ಲ. ಕುಡಿದ ಮೇಲೆ ನಿಂತರೆ ಸುಳ್ಳು ನೋವು, ಏರಿದರೆ ನಿಜವಾದದ್ದು ಅನ್ನುತ್ತಾರೆ. ಕುಡಿಯದಿದ್ದರೂ ಸುಳ್ಳು ನೋವು ನಿಲ್ಲುತ್ತದೆ, ನಿಜವಾದದ್ದು ಏರುತ್ತದೆ. ಬಿಸಿಯಾಗಿ ಏನೋ ಹೊಟ್ಟೆಗೆ ಹೋಯಿತಲ್ಲ, ಸಾಕು. ಖರ್ಜೂರ ತಿನ್ನು. ಜೋರ್ಡಾನಿನಲ್ಲಿ ಕೊನೆಯ ನಾಲ್ಕು ವಾರ ದಿನಕ್ಕೆ ಆರು ಖರ್ಜೂರ ತಿಂದವರಿಗೆ ನೋವು ತಾನಾಗಿ ಬಂದದ್ದು ಹೆಚ್ಚು ಅಂತ 2011ರ ಒಂದು ಸಣ್ಣ ಅಧ್ಯಯನ ಹೇಳಿತು. ಸಕ್ಕರೆ ಇದ್ದವಳು ಮಾತ್ರ ಡಬ್ಬಕ್ಕೆ ಕೈಹಾಕಬಾರದು. ಅನಾನಸಿನಿಂದ ನಾಲಿಗೆ ಉರಿದೀತು, ಹೆರಿಗೆ ಆಗುವುದಿಲ್ಲ. ಸಂಜೆ ನಡೆ, ಮೈ ಹಗುರವಾಗುತ್ತದೆ. ಆದರೆ ಮಹಡಿ ಮೆಟ್ಟಿಲನ್ನು ಹತ್ತಾರು ಸಲ ಹತ್ತಿಳಿದು ಸುಸ್ತಾದರೆ, ನಿಜವಾದ ನೋವಿನ ಹೊತ್ತಿಗೆ ಶಕ್ತಿ ಎಲ್ಲಿಂದ ತರುತ್ತೀ? ನಾಚಿಕೊಂಡು ಕೇಳಬೇಕು ಅಂತಿದ್ದೀಯಲ್ಲ, ಅದಕ್ಕೂ ಹೇಳಿಬಿಡುತ್ತೇನೆ: ಗಂಡ ಹೆಂಡಿರು ಕೂಡಿದರೆ ನೋವು ಬಂದೇ ಬರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ನೀರು ಒಡೆದಿಲ್ಲ, ರಕ್ತಸ್ರಾವವಿಲ್ಲ, ಮಾಸು ಕೆಳಗಿಲ್ಲ ಅಂತಾದರೆ ತಪ್ಪೂ ಇಲ್ಲ.

ಹರಳೆಣ್ಣೆ ಮಾತ್ರ ಬೇಡ. ನಮ್ಮ ಹಿಂದಿನವರು ದಡ್ಡರಾಗಿ ಕುಡಿಸುತ್ತಿರಲಿಲ್ಲ. ಹಿಂದೆ ಆಸ್ಪತ್ರೆಗಳಲ್ಲೂ ಹರಳೆಣ್ಣೆ, ಬಿಸಿನೀರಿನ ಸ್ನಾನ, ಎನಿಮಾ ಅಂತ ಕ್ರಮವೇ ಇತ್ತು. ಆ ಎಣ್ಣೆಯಲ್ಲಿರುವ ರಿಸಿನೋಲಿಕ್ ಆಮ್ಲ ಕರುಳನ್ನು ಕೆಣಕುವ ದಾರಿಯಲ್ಲೇ ಗರ್ಭಕೋಶವನ್ನೂ ಕೆಣಕಬಲ್ಲದು ಅಂತ ಈಚೆಗೆ ಕಂಡುಕೊಂಡಿದ್ದಾರೆ. ಆದರೆ ಎಷ್ಟು ಕುಡಿದರೆ ಯಾವುದು ಕೆಣಕುತ್ತದೆ ಅನ್ನುವುದು ಲೋಟಕ್ಕೆ ಗೊತ್ತಿಲ್ಲ. ರಾತ್ರಿಯೆಲ್ಲ ವಾಂತಿ ಭೇದಿಯಾಗಿ, ಬೆಳಗ್ಗೆ ನೋವೂ ಇಲ್ಲದೆ ನಿತ್ರಾಣವಾಗಿ ವಾರ್ಡಿಗೆ ಬಂದವರನ್ನು ನೋಡಿದ್ದೇನೆ. ಅದಕ್ಕಿಂತ ದೊಡ್ಡ ಭಯ ಊರಿನಲ್ಲಿ ಯಾರೋ ಕೊಡುವ ‘ನೋವಿನ ಇಂಜೆಕ್ಷನ್’. ಆಕ್ಸಿಟೋಸಿನ್ ಅನ್ನುವುದು ಹನಿ ಹನಿ ಎಣಿಸಿ, ಎದೆಬಡಿತ ನೋಡುತ್ತಾ ಕೊಡಬೇಕಾದ ಮದ್ದು. ಮನೆಯಲ್ಲಿ ಸೂಜಿ ಚುಚ್ಚಿಸಿಕೊಂಡರೆ ಗರ್ಭಕೋಶ ಒಡೆಯಬಹುದು, ಮಗುವಿಗೆ ಉಸಿರು ಕಟ್ಟಬಹುದು. ಮೆಡಿಕಲ್ ಸ್ಟೋರಿನ ಮಾತ್ರೆಯೂ ಅಷ್ಟೇ: ಹೆರಿಗೆಗೆ ಬೇಕಾದ ಮಿಸೊಪ್ರೊಸ್ಟಾಲ್ 25 ಮೈಕ್ರೊಗ್ರಾಂ, ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 200ರದ್ದು. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದವಳು ಆ ಮಾತ್ರೆಯ ಹತ್ತಿರವೂ ಸುಳಿಯಬಾರದು.

ಆಸ್ಪತ್ರೆಯಲ್ಲಿ ನೋವು ಬರಿಸುವುದು ಅಂದಾಕ್ಷಣ ನೇರ ಡ್ರಿಪ್ ಏರಿಸುವುದಲ್ಲ. ಮೊದಲು ಗರ್ಭಕೋಶದ ಬಾಯಿ ನೋಡುತ್ತಾರೆ: ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಮೆತ್ತಗಿದೆಯೋ ಗಟ್ಟಿಯೋ, ಮಗುವಿನ ತಲೆ ಎಷ್ಟು ಇಳಿದಿದೆ. ಬಿಷಪ್ ಅನ್ನುವ ಅಮೆರಿಕದ ಡಾಕ್ಟರು 1964ರಲ್ಲಿ ಇದಕ್ಕೆಲ್ಲ ಅಂಕ ಕೊಡುವ ಪದ್ಧತಿ ಮಾಡಿದರು, ನಾವು ಇವತ್ತಿಗೂ ಅದನ್ನೇ ಬರೆಯುತ್ತೇವೆ. ಅಂಕ ಕಮ್ಮಿಯಿದ್ದಾಗ ಬಾಯಿ ಮೆತ್ತಗಾಗಲು ಜೆಲ್ ಇಡುತ್ತಾರೆ, ಇಲ್ಲವೇ ಸಣ್ಣ ಬಲೂನಿರುವ ರಬ್ಬರ್ ಕೊಳವೆ ಹಾಕುತ್ತಾರೆ. ಬಲಿಯದ ಮಾವಿನಕಾಯಿಗೆ ಕೋಲು ಬೀಸಿದರೆ ತೊಟ್ಟು ಬಿಡುವುದಿಲ್ಲ, ಕೊಂಬೆ ಮುರಿಯುತ್ತದೆ. ಅದಕ್ಕೇ ಇಷ್ಟು ತಾಳ್ಮೆ. ಚೊಚ್ಚಲವಾದರೆ ಒಂದು ದಿನ, ಎರಡು ದಿನವೂ ಹಿಡಿಯಬಹುದು. ಬೆಳಗ್ಗೆ ಜೆಲ್ ಇಟ್ಟರು, ಸಂಜೆಗೆ ಪೇಡ ಹಂಚೋಣ ಅಂತ ಗಂಡನನ್ನು ಅಂಗಡಿಗೆ ಅಟ್ಟಬೇಡ. 40 ದಾಟಿದ ಮೇಲೆ ಬೆರಳಿನಿಂದ ಪೊರೆ ಬಿಡಿಸುವ ‘ಸ್ವೀಪಿಂಗ್’ ಕೂಡ ಮಾಡುತ್ತಾರೆ. ಒಂದಿಷ್ಟು ಜನರಿಗೆ ಅಷ್ಟರಿಂದಲೇ ನೋವು ಶುರುವಾಗುತ್ತದೆ. ಸ್ವಲ್ಪ ನೋವಾಗುತ್ತದೆ, ಕೆಂಪು ಕಾಣಬಹುದು. ಮಾಡುವ ಮೊದಲು ನಿನ್ನನ್ನು ಕೇಳಬೇಕು. ಕೇಳದಿದ್ದರೆ ನೀನೇ ಕೇಳು.

ನೋವು ಬರಿಸಿದರೆ ಸಿಸೇರಿಯನ್ ಗ್ಯಾರಂಟಿ ಅಂತ ಹೆದರಿಸುತ್ತಾರೆ. ಅಮೆರಿಕದಲ್ಲಿ ಆರು ಸಾವಿರ ಚೊಚ್ಚಲ ಬಸುರಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 39 ವಾರಕ್ಕೇ ನೋವು ಬರಿಸಿದವರಲ್ಲಿ 18.6%, ಕಾದವರಲ್ಲಿ 22.2% ಸಿಸೇರಿಯನ್ ಆಯಿತು. ಹಾಗಂತ ನಮ್ಮಲ್ಲಿ ಅನುಮಾನಪಡಲು ಕಾರಣವೇ ಇಲ್ಲ ಅಂತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ 14.3% ಹೆರಿಗೆ ಸಿಸೇರಿಯನ್, ಖಾಸಗಿಯಲ್ಲಿ 47.4%. ಇಷ್ಟು ಅಂತರ ಬರೀ ಹೊಟ್ಟೆಯೊಳಗಿನ ಕಾರಣಕ್ಕೆ ಬಂದದ್ದಲ್ಲ. ಅದಕ್ಕೇ ಬಾಯಿ ಬಿಟ್ಟು ಕೇಳು ಅನ್ನುವುದು. ಯಾಕೆ ಈಗಲೇ ಬರಿಸಬೇಕು, ಇನ್ನೆರಡು ದಿನ ನೋಡಿದರೆ ಏನಾಗುತ್ತದೆ, ಗರ್ಭಕೋಶದ ಬಾಯಿ ಎಷ್ಟು ತಯಾರಾಗಿದೆ, ಜೆಲ್ಲಿಗೆ ಬಗ್ಗದಿದ್ದರೆ ಮುಂದೇನು. ಒಳ್ಳೆಯ ಡಾಕ್ಟರು ಇಂಥ ಪ್ರಶ್ನೆಗೆ ಸಿಡುಕುವುದಿಲ್ಲ. ಸಿಡುಕಿದರೂ ಉತ್ತರ ಪಡೆದೇ ಎದ್ದು ಬಾ.

ಪಂಚಾಂಗ ಹಿಡಿದು ಬರುವ ಚಿಕ್ಕಪ್ಪನಿಗೆ ಕಾಫಿ ಕೊಟ್ಟು ಕಳಿಸು. ಮೂಲಾ ನಕ್ಷತ್ರ ತಪ್ಪಿಸಬೇಕು, ಅಮಾವಾಸ್ಯೆಗೆ ಮುಂಚೆ ತೆಗೆಸಿಬಿಡಿ ಅಂತ 38 ವಾರಕ್ಕೇ ಹೊಟ್ಟೆ ಕೊಯ್ಯಿಸಿದ ಮನೆಗಳಿವೆ. ಆ ಕೂಸು ಉಸಿರಿಗೆ ಒದ್ದಾಡುತ್ತಾ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದಾಗ ನಕ್ಷತ್ರ ಬಂದು ಆಮ್ಲಜನಕ ಕೊಡುವುದಿಲ್ಲ. ಹಾಗೆಯೇ ‘ನಾರ್ಮಲ್ಲೇ ಆಗಬೇಕು’ ಅನ್ನುವ ಹಟವೂ ಒಂದು ಜಂಬ. ಅದನ್ನೂ ಮನೆಯಲ್ಲೇ ಬಿಟ್ಟು ಹೋಗು.

ಕೊನೆಗೆ, ನಿನ್ನ ಕೈಯಲ್ಲೇ ಇರುವ ಕೆಲಸ. ಊಟವಾದ ಮೇಲೆ ಫೋನು ಪಕ್ಕಕ್ಕಿಟ್ಟು ಎಡಮಗ್ಗುಲಿಗೆ ಮಲಗಿ ಮಗುವಿನ ಒದೆತ ಎಣಿಸು. ಎರಡು ಗಂಟೆಯೊಳಗೆ ಹತ್ತು ಸಲವಾದರೂ ಅಲುಗಬೇಕು. ದಿನ ತುಂಬಿದ ಮೇಲೆ ಕೂಸು ಸುಮ್ಮನಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ, ಅದು ಸುಳ್ಳು. ಒದೆತ ಕಮ್ಮಿ ಅನ್ನಿಸಿದರೆ, ನೀರು ಹಸಿರಾಗಿ ಹೋದರೆ, ರಕ್ತ ಕಂಡರೆ, ತಲೆ ಸಿಡಿದು ಕಣ್ಣು ಮಂಜಾದರೆ ಬೆಳಗಾಗಲಿ ಅಂತ ಕೂರಬೇಡ, ನನಗೆ ಫೋನ್ ಮಾಡಿ ಕೇಳಲೂ ಬೇಡ. ಗಂಡನನ್ನು ಎಬ್ಬಿಸು, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡು, ತಾಯಿ ಕಾರ್ಡ್ ಕೈಲಿ ಹಿಡಿದು ಹೊರಡು.