ಎರಡು ವರ್ಷದ ಮಗುವಿಗೆ ಸ್ವಂತ ಟ್ಯಾಬ್ ಕೊಡಿಸಬಹುದಾ?



ಇವತ್ತಿನ ಪಾಠ ಯುವ ದಂಪತಿಗಳ ಕೂಟದಲ್ಲಿ ಬಂದ ಒಂದು ಪ್ರಶ್ನೆಯಿಂದ ಹುಟ್ಟಿದ್ದು. ಒಬ್ಬ ಸಹೋದರ ಕೇಳಿದರು: “ಪಾಸ್ಟರ್, ಮಗಳಿಗೆ ಎರಡು ವರ್ಷ ತುಂಬ್ತಾ ಇದೆ. ಬರ್ತ್‌ಡೇಗೆ ಅವಳದ್ದೇ ಒಂದು ಟ್ಯಾಬ್ ಕೊಡಿಸೋಣ ಅಂತಿದ್ದೀವಿ. ಅವಳದ್ದು ಅಂತ ಒಂದಿದ್ರೆ ನಮ್ಮ ಫೋನ್ ಮುಟ್ಟಲ್ಲ. ಅದರಲ್ಲಿ ಬೈಬಲ್ ಕಾರ್ಟೂನು, ಮಕ್ಕಳ ಹಾಡು ಮಾತ್ರ ಹಾಕ್ತೀವಿ. ತಪ್ಪಾ?”

ಪಾಪವಾ ಅಂತ ಕೇಳಿದ್ರೆ, ಇಲ್ಲ. ಟ್ಯಾಬ್ ಬಗ್ಗೆ ಸತ್ಯವೇದದಲ್ಲಿ ವಚನ ಹುಡುಕೋಕೆ ಹೋಗಬೇಡಿ. ಆದರೆ ಕೊಡಿಸಬೇಡಿ ಅಂತಲೇ ನಾನು ಹೇಳಿದೆ. ಯಾಕೆ ಅಂತ ಸ್ವಲ್ಪ ಕೂತು ನೋಡೋಣ.

ಧರ್ಮೋಪದೇಶಕಾಂಡ 6ನೇ ಅಧ್ಯಾಯ ತೆಗೆಯಿರಿ. ದೇವರ ಮಾತನ್ನು ಮಕ್ಕಳ ಹತ್ತಿರ ಯಾವ ಹೊತ್ತಿನಲ್ಲಿ ಮಾತಾಡಬೇಕು ಅಂತ 7ನೇ ವಚನದಲ್ಲಿ ಮೋಶೆ ತಂದೆತಾಯಿಗಳಿಗೆ ಹೇಳುತ್ತಾನೆ. ಮನೆಯಲ್ಲಿರುವ ಹೊತ್ತು, ದಾರಿಯ ಹೊತ್ತು, ಮಲಗುವ ಹೊತ್ತು, ಏಳುವ ಹೊತ್ತು. ಈಗ ನಮ್ಮ ಮನೆಗಳಲ್ಲಿ ಪುಟ್ಟ ಮಗುವಿನ ಕೈಗೆ ಫೋನ್ ಯಾವಾಗ ಹೋಗುತ್ತೆ ಅಂತ ಲೆಕ್ಕ ಹಾಕಿ. ಮನೆಯಲ್ಲಿ ಊಟ ಮಾಡಿಸುವಾಗ. ಸಿಲ್ಕ್ ಬೋರ್ಡ್‌ನಲ್ಲಿ ಕಾರು ಸಿಕ್ಕಿಹಾಕಿಕೊಂಡಾಗ. ರಾತ್ರಿ ಮಲಗಿಸುವಾಗ. ಬೆಳಿಗ್ಗೆ ಮಗು ಎದ್ದ ಕೂಡಲೇ, ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ರೆಡಿಯಾಗಬೇಕಲ್ಲ, ಆಗ. ಅದೇ ನಾಲ್ಕು ಹೊತ್ತು! ಯಾರೂ ಬೇಕಂತ ಮಾಡಿದ್ದಲ್ಲ. ಆ ಹೊತ್ತುಗಳಲ್ಲೇ ಮಗು ನಮ್ಮನ್ನು ಹೆಚ್ಚು ಬೇಡುತ್ತೆ, ನಾವು ಹೆಚ್ಚು ಸುಸ್ತಾಗಿರ್ತೀವಿ.

ಅಪ್ಪನ ಫೋನನ್ನು ಮಗು ಹಿಡಿದುಕೊಂಡರೆ ಅದಕ್ಕೆ ತಾನಾಗಿಯೇ ಒಂದು ಮಿತಿ ಇರುತ್ತೆ. ಕಾಲ್ ಬರುತ್ತೆ, ಓಟಿಪಿ ಬರುತ್ತೆ, ಅಪ್ಪ ವಾಪಸ್ ತಗೋತಾನೆ. ಸ್ವಂತ ಟ್ಯಾಬ್‌ಗೆ ಆ ಮಿತಿ ಇಲ್ಲ. ಎರಡು ವರ್ಷದ ಮಗು ಆಗಷ್ಟೇ ಕಲಿತಿರುವ ದೊಡ್ಡ ಪದ “ನಂದು”. ಒಂದು ಸಲ “ನಂದು” ಆದ ವಸ್ತುವನ್ನು ಅಪ್ಪ ಎತ್ತಿಟ್ಟರೆ ಮಗುವಿನ ಕಣ್ಣಿಗೆ ಅಪ್ಪ ಕಳ್ಳ. ಕೊಟ್ಟವರೂ ನೀವೇ, ಕಿತ್ತುಕೊಳ್ಳುವವರೂ ನೀವೇ. ದಿನಾ ಈ ಜಗಳ ಯಾಕೆ ಬೇಕು?

“ಆದರೆ ಬೈಬಲ್ ಕಾರ್ಟೂನ್ ತಾನೇ?” ಇದಕ್ಕೆ ಉತ್ತರ ಕೊಡಲೇಬೇಕು, ಯಾಕಂದ್ರೆ ನಮ್ಮ ಸಭೆಯಲ್ಲಿ ಹೆಚ್ಚು ಕೇಳುವ ಮಾತೇ ಇದು. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕುಹ್ಲ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 2003ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಂಗ್ಲಿಷ್ ಮಾತಾಡುವ ಮನೆಗಳ ಒಂಬತ್ತು ತಿಂಗಳ ಕೂಸುಗಳು. ಒಂದು ಗುಂಪಿನ ಜೊತೆ ಚೀನಾದ ಮ್ಯಾಂಡರಿನ್ ಭಾಷೆಯವರು ಎದುರಿಗೇ ಕೂತು 12 ಸಲ ಪುಸ್ತಕ ಓದಿದರು, ಆಟಿಕೆ ಹಿಡಿದು ಆಡಿಸಿದರು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತು, ಪರದೆಯ ಮೇಲೆ. ಮೊದಲನೇ ಗುಂಪಿನ ಕೂಸುಗಳು ಮ್ಯಾಂಡರಿನ್ ಶಬ್ದಗಳ ವ್ಯತ್ಯಾಸ ಗುರುತಿಸುವುದನ್ನು ಕಲಿತವು. ಪರದೆ ನೋಡಿದವು ಕಲಿಯಲಿಲ್ಲ. ಆ ಭಾಷೆಯನ್ನು ಕೇಳದೇ ಇದ್ದ ಕೂಸುಗಳಿಗಿಂತ ಮುಂದೆ ಹೋಗಲಿಲ್ಲ. ವಿಷಯ ಒಳ್ಳೆಯದೇ ಇತ್ತು. ಎದುರಿಗೆ ಮುಖ ಇರಲಿಲ್ಲ.

ಮುಖ ಅಂದ್ರೆ ಏನು? ಮಗು ನಕ್ಕರೆ ನಗುವುದು, ಬೆರಳು ತೋರಿಸಿದ ಕಡೆ ನೋಡುವುದು, “ಆ... ಊ...” ಅಂದರೆ ನಿಂತು ಕೇಳುವುದು. ಕಾರ್ಟೂನಿನ ದಾವೀದ ಕಲ್ಲು ಬೀಸುತ್ತಾನೆ, ಸರಿ, ನಿಮ್ಮ ಮಗು “ಅವನಿಗೆ ಭಯ ಆಯ್ತಾ?” ಅಂತ ಕೇಳಿದರೆ ಅವನು ನಿಲ್ಲಲ್ಲ. ಅದೇ 6ನೇ ಅಧ್ಯಾಯದ 20ನೇ ವಚನ ನೋಡಿ. ಮುಂದೆ ಮಗ ಬಂದು ಈ ಆಜ್ಞೆಗಳೆಲ್ಲ ಏನು ಅಂತ ಕೇಳುತ್ತಾನೆ, ಆಗ ಹೀಗೆ ಉತ್ತರ ಕೊಡಿ ಅಂತ ಮೋಶೆ ಹೇಳುತ್ತಾನೆ. ಮಗು ಕೇಳೇ ಕೇಳುತ್ತೆ ಅಂತ ಅವನಿಗೆ ಗೊತ್ತಿತ್ತು. ಪ್ರಶ್ನೆ ಕೇಳೋಕೆ ಮಗುವಿಗೆ ಒಂದು ಬಿಡುವು ಬೇಕು, ಕೇಳಿಸಿಕೊಳ್ಳುವ ಒಬ್ಬ ಮನುಷ್ಯ ಬೇಕು. ಒಂದು ವಿಡಿಯೋ ಮುಗಿಯುತ್ತಲೇ ಇನ್ನೊಂದು ತಾನೇ ಶುರುವಾದರೆ ಬಿಡುವು ಎಲ್ಲಿ? (ಆ ಆಟೋಪ್ಲೇ ಅನ್ನೋದನ್ನ ಇವತ್ತೇ ಆಫ್ ಮಾಡಿ. ಪ್ರಸಂಗ ಮುಗಿದ ಮೇಲೆ.)

ಊರಲ್ಲಿರುವ ಅಜ್ಜಿಗೆ ವಿಡಿಯೋ ಕಾಲ್ ಮಾಡಿಸುವುದು ಬೇರೆ ವಿಷಯ, ಅದನ್ನು ನಿಲ್ಲಿಸಬೇಡಿ. ಅಜ್ಜಿ ಮಗು ಮಾತಿಗೆ ತಿರುಗಿ ಮಾತಾಡುತ್ತಾಳೆ, ಹೆಸರು ಹಿಡಿದು ಕರೆಯುತ್ತಾಳೆ. ಭಾರತದ ಮಕ್ಕಳ ವೈದ್ಯರ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಎರಡು ವರ್ಷದೊಳಗೆ ಪರದೆಯೇ ಬೇಡ ಅನ್ನುವಾಗಲೂ ಸಂಬಂಧಿಕರ ಜೊತೆ ಅಪರೂಪದ ವಿಡಿಯೋ ಕಾಲ್‌ಗೆ ವಿನಾಯಿತಿ ಕೊಟ್ಟಿದೆ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದೂ ದೊಡ್ಡವರು ಪಕ್ಕದಲ್ಲಿ ಕೂತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಈಗ ಊಟ. ಯುವ ಅಮ್ಮಂದಿರು ಇಲ್ಲಿ ಮುಖ ತಗ್ಗಿಸಬೇಡಿ, ನಾನು ಬೈಯೋಕೆ ನಿಂತಿಲ್ಲ. “ಫೋನ್ ಇಲ್ಲ ಅಂದ್ರೆ ಬಾಯೇ ತೆಗೆಯಲ್ಲ” ಅಂತೀರಿ, ನಿಜ. ಫೋನ್ ಇದ್ದಾಗ ಬಾಯಿ ತೆಗೆಯುತ್ತೆ, ಆದರೆ ಹೊಟ್ಟೆ ತುಂಬಿದ್ದು ಮಗುವಿಗೆ ಗೊತ್ತಾಗಲ್ಲ, ತಿಂದಿದ್ದು ರಾಗಿ ಮುದ್ದೆಯೋ ಪೊಂಗಲ್ಲೋ ಅದೂ ಗೊತ್ತಾಗಲ್ಲ. ಬಿಡಿಸಿದರೆ ಮೊದಲ ಕೆಲವು ದಿನ ಕಡಿಮೆ ತಿನ್ನಬಹುದು. ತೂಕ ಕಡಿಮೆ ಇರುವ ಮಗುವಾದರೆ ಡಾಕ್ಟರನ್ನು ಕೇಳಿಕೊಂಡು ಮಾಡಿ. ಬಾಲ್ಕನಿಯಲ್ಲಿ ಕಾಗೆ ತೋರಿಸಿ ತಿನ್ನಿಸಿದ ಕಾಲ ನಿಮ್ಮ ಅಮ್ಮನಿಗೆ ನೆನಪಿರುತ್ತೆ, ಕೇಳಿ. ಮತ್ತೆ, ಇದು ಅಮ್ಮನ ಒಬ್ಬಳ ಕೆಲಸ ಅಲ್ಲ. ಸಹೋದರರೇ, ಒಂದು ಹೊತ್ತಿನ ತಟ್ಟೆ ನಿಮ್ಮ ಕೈಲಿರಲಿ.

ಅಳು ಇನ್ನೂ ಕಷ್ಟದ್ದು. ಅಮೆರಿಕದ ಮಿಶಿಗನ್‌ನಲ್ಲಿ ಮೂರರಿಂದ ಐದು ವರ್ಷದ ಮಕ್ಕಳ 422 ಪೋಷಕರನ್ನು ವಿಚಾರಿಸಿ, 2022ರ ಕೊನೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ರಂಪ ಮಾಡಿದಾಗಲೆಲ್ಲ ಫೋನ್ ಕೊಟ್ಟು ಸುಮ್ಮನಾಗಿಸುವ ಅಭ್ಯಾಸ ಹೆಚ್ಚಿದ್ದ ಕಡೆ, ತಿಂಗಳುಗಳ ನಂತರ ಮಕ್ಕಳ ಸಿಟ್ಟು, ಚಡಪಡಿಕೆ ಹೆಚ್ಚೇ ಕಂಡಿತು. ಗಂಡು ಮಕ್ಕಳಲ್ಲಿ ಇನ್ನೂ ಹೆಚ್ಚು. ಕೀರ್ತನೆ 131ರಲ್ಲಿ ದಾವೀದನು ತನ್ನ ಸಮಾಧಾನಗೊಂಡ ಆತ್ಮವನ್ನು ಮೊಲೆ ಬಿಟ್ಟ ಮಗುವಿಗೆ ಹೋಲಿಸುತ್ತಾನೆ. ಹಾಲಿಗಾಗಿ ಅಳುವುದನ್ನು ದಾಟಿ, ತಾಯಿಯ ಹತ್ತಿರ ಸುಮ್ಮನೆ ಇರಲು ಕಲಿತ ಮಗು. ಅದು ಒಂದು ದಿನಕ್ಕೆ ಬರಲ್ಲ. ಅತ್ತು, ಮಡಿಲಲ್ಲೇ ಸುಧಾರಿಸಿಕೊಂಡು, ಮತ್ತೆ ಅತ್ತು ಬರುತ್ತೆ. ಮುಂದೆ ದೊಡ್ಡವನಾಗಿ ಇಂಟರ್‌ವ್ಯೂನಲ್ಲಿ ಸೋತು ಬಂದಾಗ ದೇವರ ಸನ್ನಿಧಿಯಲ್ಲಿ ಸುಮ್ಮನೆ ಕೂರುವುದಕ್ಕೂ ಈ ಮಡಿಲಿನ ಅಭ್ಯಾಸ ಬೇಕು ಅಂತ ನನ್ನ ನಂಬಿಕೆ.

ಇನ್ನೊಂದು ವಿಷಯ, ಇದನ್ನು ಗಂಭೀರವಾಗಿ ತಗೊಳ್ಳಿ. ಮಾತು ತಡವಾಗುತ್ತಿರುವ ಮಕ್ಕಳ ತಂದೆತಾಯಿಗಳು ಪ್ರಾರ್ಥನೆಗೆ ಬರ್ತಾರೆ. ಪ್ರಾರ್ಥಿಸುತ್ತೇವೆ, ಕೈಯಿಟ್ಟು ಪ್ರಾರ್ಥಿಸುತ್ತೇವೆ. ಆದರೆ “ಗಂಡು ಮಕ್ಕಳಿಗೆ ಮಾತು ಲೇಟು, ಬರುತ್ತೆ ಬಿಡಿ” ಅಂತ ಕಾಯಬೇಡಿ. ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಒಂದೂ ಪದ ಇಲ್ಲದಿದ್ದರೆ, ಎರಡು ವರ್ಷಕ್ಕೆ “ಅಮ್ಮಾ ಬಾ” ಅನ್ನುವ ಹಾಗೆ ಎರಡು ಪದ ಸೇರಿಸದಿದ್ದರೆ ಮಕ್ಕಳ ವೈದ್ಯರ ಹತ್ತಿರ ಹೋಗಿ, ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ನಮ್ಮ ರಾಜ್ಯದಲ್ಲೇ ಇರುವ ದೊಡ್ಡ ಆಶೀರ್ವಾದ ಅದು. ಹಾಗೇ, ಯಾವ ಅಮ್ಮನಿಗೂ “ನೀನು ಫೋನ್ ಕೊಟ್ಟಿದ್ದಕ್ಕೇ ಮಗುವಿಗೆ ಆಟಿಸಂ ಬಂತು” ಅಂತ ಸಭೆಯಲ್ಲಿ ಯಾರೂ ಹೇಳಕೂಡದು. ಅದು ಸತ್ಯವೂ ಅಲ್ಲ, ಪ್ರೀತಿಯೂ ಅಲ್ಲ.

ಈಗಾಗಲೇ ಟ್ಯಾಬ್ ಕೊಡಿಸಿದ್ದೀವಲ್ಲ ಅನ್ನುವವರು ಅದರ ಹೆಸರು ಬದಲಾಯಿಸಿ. ಅದು ಇನ್ಮೇಲೆ “ಮನೆ ಟ್ಯಾಬ್”. ಜಾಗ ಎತ್ತರದ ಶೆಲ್ಫು, ನೋಡುವುದು ಹಾಲ್‌ನಲ್ಲಿ, ಪಕ್ಕದಲ್ಲಿ ಒಬ್ಬರು ದೊಡ್ಡವರು. ಆಯ್ದ ಎರಡು ಮೂರು ವಿಡಿಯೋ ಡೌನ್‌ಲೋಡ್ ಮಾಡಿ, ಇಂಟರ್ನೆಟ್ ಆಫ್ ಮಾಡಿಯೇ ಕೊಡಿ. ಊಟದ ಜಾಗಕ್ಕೂ ಮಲಗುವ ಕೋಣೆಗೂ ಅದು ಬರುವುದು ಬೇಡ, ನಿಮ್ಮ ಫೋನೂ ಬೇಡ. ಇಡೀ ದಿನ ಸರಿಮಾಡೋಕೆ ಹೋಗಿ ಮೂರನೇ ದಿನ ಸೋಲಬೇಡಿ. ನಾಲ್ಕರಲ್ಲಿ ಒಂದು ಹೊತ್ತು ವಾಪಸ್ ತಗೊಳ್ಳಿ. ಮಲಗುವ ಹೊತ್ತು ಸುಲಭ ಅನ್ನಿಸುತ್ತೆ ನನಗೆ. ಲೈಟ್ ಆಫ್, ಒಂದು ಹಾಡು, ನೋಹನ ನಾವೆಗೆ ಯಾವ ಯಾವ ಪ್ರಾಣಿ ಹತ್ತಿತು ಅಂತ ಒಂದು ಲಿಸ್ಟು. ನೀವು ಆನೆಯನ್ನು ಮರೆತರೆ ಮಗು ಬಿಡಲ್ಲ.

ಆ ಸಹೋದರ ಕೊನೆಗೆ ಇನ್ನೊಂದು ಕೇಳಿದರು: “ಭಾನುವಾರ ಆರಾಧನೆಯಲ್ಲಿ ಅವಳು ಗಲಾಟೆ ಮಾಡ್ತಾಳೆ ಪಾಸ್ಟರ್, ಆಗ?” ಹಿಂದಿನ ಸಾಲುಗಳಲ್ಲಿ ಎಷ್ಟು ಪುಟ್ಟ ಪರದೆಗಳು ಹೊಳೆಯುತ್ತವೆ ಅಂತ ನನಗೆ ಇಲ್ಲಿಂದ ಕಾಣುತ್ತೆ. ಮುಂದಿನ ಭಾನುವಾರದಿಂದ ಅವು ಬ್ಯಾಗ್‌ನಲ್ಲೇ ಇರಲಿ. ಮಗು ಅತ್ತರೆ ಅಳಲಿ, ಓಡಾಡಿದರೆ ಓಡಾಡಲಿ, ಪಕ್ಕದಲ್ಲಿ ಕೂತವರು ತಿರುಗಿ ಗುರಾಯಿಸಬೇಡಿ, ಸ್ವಲ್ಪ ಹೊತ್ತು ಎತ್ತಿಕೊಳ್ಳಿ. ನನ್ನ ಕೈಲಿ ಮೈಕ್ ಇದೆ, ನಾನು ಇನ್ನೂ ಸ್ವಲ್ಪ ಗಟ್ಟಿಯಾಗಿ ಮಾತಾಡ್ತೀನಿ.