ಕಣ್ಣಿಗೆ ಕಾಣದ ಇಸುಬು

ವೇದಪಾಠದ ತರಗತಿಯಲ್ಲಿ ಯೋಬನ ಚರಿತ್ರೆಯನ್ನು ಓದಿದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ, ಆ ಭಕ್ತನು ಬೂದಿಯಲ್ಲಿ ಕುಳಿತು ಬೋಕಿಯ ತುಂಡಿನಿಂದ ಮೈಯನ್ನು ಕೆರೆದುಕೊಂಡ ಸಂಗತಿಯು ನೆನಪಿರಬಹುದು. ಅವನ ವ್ಯಾಧಿಯು ಯಾವದೆಂದು ನಾವು ನಿರ್ಣಯಿಸಲಾರೆವು. ಆದರೆ ಅವನನ್ನು ನೋಡಬಂದ ಸ್ನೇಹಿತರು ಹೊರಗೆ ಕಂಡದ್ದರಿಂದಲೇ ತೀರ್ಮಾನಿಸಿ ಅವನ ಮೇಲೆ ತಪ್ಪು ಹೊರಿಸಿದರೆಂಬದನ್ನು ಬಲ್ಲೆವು. ಚರ್ಮರೋಗವುಳ್ಳವರ ವಿಷಯದಲ್ಲಿ ಇಂಥ ತೀರ್ಪು ಇಂದಿಗೂ ನಿಂತಿಲ್ಲ. ನಾವು ಸಹ ಒಮ್ಮೆ ಹಾಗೆಯೇ ಮಾಡಿದೆವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿಯು ಕಡುಬೇಸಿಗೆಯಲ್ಲಿಯೂ ಉದ್ದ ತೋಳಿನ ಅಂಗಿಯನ್ನೇ ತೊಡುತ್ತಿದ್ದಳು. ಪಾಠದ ನಡುವೆ ಆಕೆ ಮೊಣಕೈಯ ಮಡಿಕೆಯನ್ನು ಕೆರೆದುಕೊಳ್ಳುವದನ್ನು ಕಂಡು ಪಕ್ಕದವಳು ದೂರ ಸರಿದು ಕುಳಿತಳು. ನಾವು ತೋಳನ್ನು ಮಡಿಸಿ ನೋಡಿದೆವು. ಚರ್ಮವು ಕಪ್ಪಾಗಿ, ಒಣಗಿ, ಒರಟಾಗಿತ್ತೇ ಹೊರತು ಎಲ್ಲಿಯೂ ಕೆಂಪು ಕಾಣಲಿಲ್ಲ. ಇದು ಅಲ್ಪವಾದದ್ದೆಂದು ಎಣಿಸಿ, ಕೈಗಳನ್ನು ಸುಮ್ಮನಿರಿಸಿಕೊಳ್ಳಬೇಕೆಂದು ಗದರಿಸಿದೆವು. ಆಕೆಯ ತಾಯಿಯವರು ಚರ್ಮವೈದ್ಯರಲ್ಲಿಗೆ ಕರೆದುಕೊಂಡು ಹೋದ ಮೇಲೆ, ಅದು ತೀವ್ರವಾದ ಇಸುಬೆಂದೂ ಮಗುವು ತಿಂಗಳುಗಟ್ಟಲೆ ನೆಟ್ಟಗೆ ನಿದ್ರೆಮಾಡಿಲ್ಲವೆಂದೂ ತಿಳಿದುಬಂತು. ನಮ್ಮ ಕಣ್ಣೇ ನಮ್ಮನ್ನು ಮೋಸಗೊಳಿಸಿತ್ತು. ಈ ವಿಷಯವನ್ನು ನಾವು ಅಭ್ಯಾಸಮಾಡಲು ಅದೇ ಕಾರಣವು.

ಮೊದಲು ಇಸುಬು ಎಂದರೇನೆಂದು ಹೇಳುವೆವು. ಕಜ್ಜಿಯು ಚರ್ಮದೊಳಗೆ ಸೇರುವ ಸೂಕ್ಷ್ಮ ಕ್ರಿಮಿಯಿಂದುಂಟಾಗಿ ಒಬ್ಬರಿಂದೊಬ್ಬರಿಗೆ ಅಂಟುತ್ತದೆ. ಇಸುಬಾದರೋ ಅಂಟುವ ರೋಗವಲ್ಲ. ನಮ್ಮ ಹೊರಚರ್ಮದ ಮೇಲ್ಪದರವು ಇಟ್ಟಿಗೆಯ ಗೋಡೆಯಂತಿದೆ. ಜೀವಕೋಶಗಳು ಇಟ್ಟಿಗೆಗಳು, ಅವುಗಳ ನಡುವಣ ಜಿಡ್ಡು ಗಾರೆಯು. ಇಸುಬುಳ್ಳವರಲ್ಲಿ ಈ ಗೋಡೆಯು ಸಡಿಲವಾಗಿ, ಒಳಗಿನ ನೀರು ಹೊರಗೆ ಆರಿಹೋಗುತ್ತದೆ. ಹೊರಗಿನ ಧೂಳು, ಸಾಬೂನು, ಸೂಕ್ಷ್ಮಜೀವಿಗಳು ಒಳಗೆ ನುಸುಳಿ ಉರಿಯೂತವನ್ನು ಎಬ್ಬಿಸುತ್ತವೆ. ಸ್ಕಾಟ್ಲೆಂಡಿನ ಡಂಡಿಯ ವಿಜ್ಞಾನಿಗಳು ತಮ್ಮ ಸಹಕಾರಿಗಳೊಡನೆ 2006ರಲ್ಲಿ, ಈ ಗೋಡೆಗೆ ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿರುವ ದೋಷವು ಇಸುಬಿಗೆ ದೊಡ್ಡ ಕಾರಣಗಳಲ್ಲೊಂದೆಂದು ತೋರಿಸಿಕೊಟ್ಟರು. ಆದಕಾರಣ ಇದು ಕೊಳಕಿನ ಫಲವೂ ಅಲ್ಲ, ಹುಡುಗಿಯ ಹಟವೂ ಅಲ್ಲ.

ಹೊಸ ಔಷಧವೊಂದು ಇಸುಬನ್ನು ಗುಣಪಡಿಸುವದೋ ಇಲ್ಲವೋ ಎಂದು ತಿಳಿಯುವದು ಹೇಗೆ? ಶಾಲೆಯಲ್ಲಿ ನಾವು ಅಂಕಗಳನ್ನು ಕೊಡುವಂತೆ ವೈದ್ಯರೂ ಕೊಡುತ್ತಾರೆ. 2001ರಲ್ಲಿ ಪ್ರಕಟವಾದ ಈಸಿ ಎಂಬ ಅಳತೆಯಲ್ಲಿ ಕೆಂಪು, ಊತ, ಕೆರೆದ ಗಾಯ, ಚರ್ಮದ ದಪ್ಪವಾಗುವಿಕೆ ಎಂಬ ನಾಲ್ಕು ಲಕ್ಷಣಗಳನ್ನು ಶರೀರದ ನಾಲ್ಕು ಭಾಗಗಳಲ್ಲಿ ಪರೀಕ್ಷಿಸಿ, 0ಯಿಂದ 72ರ ವರೆಗೆ ಅಂಕವನ್ನಿಡುತ್ತಾರೆ. ಇದು ಉಪಯುಕ್ತವಾದ ಅಳತೆಯೇ. ಆದರೂ ಪ್ರಬಂಧಕ್ಕೆ ಇಬ್ಬರು ಉಪಾಧ್ಯಾಯಿನಿಯರು ಕೊಡುವ ಅಂಕಗಳು ಒಂದೇ ಆಗಿರುವದು ಅಪರೂಪವೆಂದು ನಮಗೆ ಗೊತ್ತುಂಟು. ಅದಲ್ಲದೆ ಕೆಂಪು ಎಂಬ ಲಕ್ಷಣವು ಬಿಳಿಯ ಮೈಯಲ್ಲಿ ಎದ್ದು ಕಾಣುವಂತೆ ಕಂದು ಮೈಯಲ್ಲಿ ಕಾಣದು. ಕೆಂಪಿನ ಅಂಕವನ್ನೇ ನಂಬಿದರೆ ಕಪ್ಪು ಮಕ್ಕಳ ತೀವ್ರವಾದ ಇಸುಬು ಮರೆಯಾಗಿ ಹೋಗಬಹುದೆಂದು ಇಂಗ್ಲೆಂಡಿನಲ್ಲಿ ಮಕ್ಕಳ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಎಚ್ಚರಿಸಿತು. ನಾವು ಮಾಡಿದ ತಪ್ಪು ಸಹ ಇದೇ.

ಚರ್ಮದ ಒಳಗನ್ನು ನೋಡಬೇಕಾದರೆ ಪೂರ್ವದಲ್ಲಿ ಅದರ ಒಂದು ಚಿಕ್ಕ ತುಂಡನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ಇಡಬೇಕಾಗಿತ್ತು. ರೋಗನಿರ್ಣಯಕ್ಕೆ ಇದು ಈಗಲೂ ಬೇಕಾಗುವದುಂಟು. ಆದರೆ ಔಷಧದ ಪರೀಕ್ಷೆಗಾಗಿ ಒಂದು ಮಗುವಿನ ಕೈಯನ್ನು ವಾರವಾರವೂ ಕತ್ತರಿಸುವದು ಹೇಗೆ? ಕತ್ತರಿಸಿದ ಸ್ಥಳವನ್ನೇ ಮತ್ತೆ ನೋಡುವದಕ್ಕಾದರೂ ಆಗುವದೇ? ಈ ಕಷ್ಟವನ್ನು ಪರಿಹರಿಸಲು ನೋವಿಲ್ಲದೆ ಒಳಗಿನ ಚಿತ್ರವನ್ನು ತೆಗೆಯುವ ಯಂತ್ರಗಳು ಬಂದಿವೆ. ಅವುಗಳಲ್ಲಿ ಮೂರನ್ನು ಇಲ್ಲಿ ವಿವರಿಸುವೆವು.

ಮೊದಲನೆಯದು ಅಲ್ಟ್ರಾಸೌಂಡ್. ಬಾವಲಿಯು ತನ್ನ ಕೂಗಿನ ಪ್ರತಿಧ್ವನಿಯಿಂದ ಕತ್ತಲೆಯಲ್ಲಿ ದಾರಿಯನ್ನು ತಿಳಿಯುವಂತೆ, ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ಚರ್ಮದೊಳಕ್ಕೆ ಕಳುಹಿಸಿ ಅದರ ಪ್ರತಿಧ್ವನಿಯಿಂದ ಈ ಯಂತ್ರವು ಚಿತ್ರವನ್ನು ರಚಿಸುತ್ತದೆ. ಇಸುಬು ಹೆಚ್ಚಾಗಿರುವಲ್ಲಿ ಹೊರಚರ್ಮದ ಕೆಳಗೆ ಒಂದು ಕಪ್ಪು ಪಟ್ಟಿಯು ಕಾಣುತ್ತದೆ. ರೋಗವು ತಗ್ಗಿದಂತೆ ಅದೂ ಕಿರಿದಾಗುತ್ತದೆ.

ಎರಡನೆಯದು ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ. ಇದರಲ್ಲಿ ಶಬ್ದಕ್ಕೆ ಬದಲಾಗಿ ಬೆಳಕು ಒಳಗೆ ಹೋಗಿ ಹಿಂದಿರುಗುತ್ತದೆ. ಬೆಳಕಿನ ವೇಗವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಚರ್ಮದೊಳಗೆ ಅದು ಹೋಗಿಬರುವ ಹೊತ್ತನ್ನು ಸಾಮಾನ್ಯ ಗಡಿಯಾರದಿಂದ ಅಳೆಯಲಾಗದು. ಆದುದರಿಂದ ಬೆಳಕನ್ನು ಎರಡಾಗಿ ಸೀಳಿ, ಒಂದನ್ನು ಚರ್ಮಕ್ಕೂ ಮತ್ತೊಂದನ್ನು ಕನ್ನಡಿಗೂ ಕಳುಹಿಸಿ, ಹಿಂದಿರುಗಿದ ಎರಡೂ ಅಲೆಗಳು ಒಂದರೊಡನೊಂದು ಕೂಡುವ ರೀತಿಯಿಂದ ಆಳವನ್ನು ಲೆಕ್ಕ ಹಾಕುತ್ತಾರೆ. ಅಮೇರಿಕದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿದ್ವಾಂಸರು ತಮ್ಮ ಜೊತೆಗಾರರೊಡನೆ 1991ರಲ್ಲಿ ಇದನ್ನು ಪ್ರಕಟಿಸಿದರು. ಮೊದಲು ಕಣ್ಣಿನ ಪರೀಕ್ಷೆಗೆ ಹೆಸರಾದ ಈ ಯಂತ್ರವು ಈಗ ಚರ್ಮದಲ್ಲಿ ಸುಮಾರು 1ರಿಂದ 2 ಮಿಲಿಮೀಟರಿನಷ್ಟು ಆಳದ ವರೆಗೆ ಹೊರಚರ್ಮದ ದಪ್ಪವನ್ನೂ ರಕ್ತನಾಳಗಳ ಬಲೆಯನ್ನೂ ತೋರಿಸುತ್ತದೆ.

ಮೂರನೆಯದರಲ್ಲಿ ಬೆಳಕೂ ಶಬ್ದವೂ ಕೂಡಿ ಕೆಲಸಮಾಡುತ್ತವೆ. ಬೆಳಕಿನ ಕ್ಷಣಿಕ ಮಿಂಚನ್ನು ಹೀರಿದ ರಕ್ತವು ಅತ್ಯಲ್ಪವಾಗಿ ಹಿಗ್ಗಿ ಶಬ್ದವನ್ನು ಹೊರಡಿಸುತ್ತದೆ. ಯಂತ್ರವು ಆ ಶಬ್ದವನ್ನು ಆಲಿಸುತ್ತದೆ. ಬೆಳಕಿನಿಂದ ಶಬ್ದವು ಹುಟ್ಟುವ ಈ ಸೋಜಿಗವನ್ನು 1880ರಲ್ಲಿಯೇ ಕಂಡುಕೊಂಡವರು ಟೆಲಿಫೋನಿಗಾಗಿ ಪ್ರಸಿದ್ಧರಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು. ಸಿಂಗಾಪುರದ ವೈದ್ಯರೂ ವಿಜ್ಞಾನಿಗಳೂ ಇದನ್ನು ಇಸುಬಿನ ರೋಗಿಗಳ ಮೇಲೆ ಉಪಯೋಗಿಸಿ, ಹೊರಚರ್ಮದ ದಪ್ಪ, ರಕ್ತನಾಳಗಳ ಗಾತ್ರ ಮುಂತಾದವುಗಳಿಂದ ರೋಗದ ತೀವ್ರತೆಯನ್ನು ಅಳೆಯಬಹುದೆಂದು 2021ರಲ್ಲಿ ವರದಿಮಾಡಿದರು. ಮೈಬಣ್ಣವನ್ನು ಕೊಡುವ ವಸ್ತುವು ಮೇಲ್ಪದರದಲ್ಲಿದೆ. ರಕ್ತನಾಳಗಳು ಅದರ ಕೆಳಗಿವೆ. ಅವೆರಡನ್ನೂ ಬೇರೆಬೇರೆಯಾಗಿ ತೋರಿಸುವ ಚಿತ್ರವು ನಮ್ಮಂಥ ಕಂದು ಮೈಯವರಿಗೆ ಎಷ್ಟು ಪ್ರಯೋಜನವೆಂದು ಹೇಳಬೇಕಾಗಿಲ್ಲ.

ಇನ್ನು ಔಷಧಗಳ ಪರೀಕ್ಷೆಯಲ್ಲಿ ಇವುಗಳ ಪಾತ್ರವನ್ನು ನೋಡೋಣ. 1952ರಲ್ಲಿ ಅಮೇರಿಕದ ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ಎಂಬ ವೈದ್ಯರು ಹೈಡ್ರೊಕಾರ್ಟಿಸೋನ್ ಮುಲಾಮಿನ ಗುಣವನ್ನು ಪ್ರಕಟಿಸಿದಂದಿನಿಂದ ಸ್ಟೀರಾಯ್ಡ್ ಮುಲಾಮುಗಳು ಲಕ್ಷಾಂತರ ರೋಗಿಗಳಿಗೆ ಉಪಶಮನವನ್ನು ಕೊಟ್ಟಿವೆ. ಆದರೆ ಅವುಗಳಲ್ಲಿ ಬಲವಾದವುಗಳನ್ನು ಬಹುಕಾಲ ಹಚ್ಚಿದರೆ ಚರ್ಮವು ತೆಳುವಾಗುತ್ತದೆ. 2016ರಲ್ಲಿ ಅಮೇರಿಕದಲ್ಲಿ ಅನುಮತಿ ಪಡೆದ ಕ್ರಿಸಾಬೊರೋಲ್ ಎಂಬದು ಸ್ಟೀರಾಯ್ಡ್ ಅಲ್ಲದ ಮುಲಾಮು. ಇವೆರಡರ ಗುಣವನ್ನು ಹೋಲಿಸಲು ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಈಚಿನ ವರ್ಷಗಳಲ್ಲಿ ಒಂದು ಉಪಾಯವನ್ನು ಮಾಡಿದರು. ಒಬ್ಬನೇ ರೋಗಿಯ ಒಂದು ಕೈಗೆ ಸ್ಟೀರಾಯ್ಡನ್ನೂ ಮತ್ತೊಂದಕ್ಕೆ ಹೊಸ ಮುಲಾಮನ್ನೂ ಕೆಲವು ವಾರ ಹಚ್ಚಿಸಿ, ಬೆಳಕಿನ ಯಂತ್ರದಿಂದ ಎರಡೂ ಕೈಗಳ ಚಿತ್ರವನ್ನು ತೆಗೆದರು. ಮನುಷ್ಯನೂ ಊಟವೂ ಹವೆಯೂ ಒಂದೇ ಆದುದರಿಂದ ಹೋಲಿಕೆಯು ನ್ಯಾಯವಾಗಿತ್ತು. ಎರಡು ಕೈಗಳಲ್ಲಿಯೂ ರೋಗವು ತಗ್ಗಿತು. ಆದರೆ ಸ್ಟೀರಾಯ್ಡ್ ಹಚ್ಚಿದ ಕೈಯಲ್ಲಿ ಹೊರಚರ್ಮವು ಹೆಚ್ಚಾಗಿ ತೆಳುವಾದದ್ದು ಚಿತ್ರದಿಂದ ತಿಳಿದುಬಂತು. ಮೇಲಿಂದ ನೋಡುವ ಕಣ್ಣು ಇಂಥ ವ್ಯತ್ಯಾಸವನ್ನು ಅಳೆಯಲಾರದು.

ಆದರೂ ಯಂತ್ರವು ಎಲ್ಲವನ್ನೂ ಬಲ್ಲದೆಂದು ನಾವು ಹೇಳುವದಿಲ್ಲ. ಇವು ಬೆಲೆಯುಳ್ಳ ಯಂತ್ರಗಳು. ಇಸುಬಿನ ವಿಷಯದಲ್ಲಿ ಹೆಚ್ಚಾಗಿ ಸಂಶೋಧನೆಯಲ್ಲಿಯೇ ಉಪಯೋಗವಾಗುತ್ತವೆ. ಚರ್ಮದ ಒಂದು ಚಿಕ್ಕ ಚೌಕವನ್ನು ಅವು ತೋರಿಸುತ್ತವೆಯೇ ಹೊರತು ಇಡೀ ಮೈಯನ್ನಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತುರಿಕೆಯ ಸಂಕಟವೂ ನಿದ್ರೆಯಿಲ್ಲದ ರಾತ್ರಿಯೂ ತರಗತಿಯಲ್ಲಿ ಅನುಭವಿಸಿದ ಅವಮಾನವೂ ಯಾವ ಚಿತ್ರದಲ್ಲಿಯೂ ಮೂಡುವದಿಲ್ಲ. ಅವುಗಳನ್ನು ತಿಳಿಯಬೇಕಾದರೆ ಮಗುವನ್ನೇ ಕೇಳಬೇಕು. ಒಳ್ಳೆಯ ಪರೀಕ್ಷೆಗಳಲ್ಲಿ ವೈದ್ಯರ ಅಂಕ, ರೋಗಿಯ ಮಾತು, ಯಂತ್ರದ ಚಿತ್ರ ಈ ಮೂರೂ ಒಂದನ್ನೊಂದು ತಿದ್ದುತ್ತವೆ.

ತಂದೆತಾಯಂದಿರಲ್ಲಿಯೂ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಎರಡು ಮಾತುಗಳನ್ನು ವಿನಯದಿಂದ ಬಿನ್ನವಿಸುತ್ತೇವೆ. ಔಷಧದ ಅಂಗಡಿಯಲ್ಲಿ ನೆರೆಯವರು ಹೇಳಿದ ಮುಲಾಮನ್ನು ಕೊಂಡು ಹಚ್ಚಬೇಡಿರಿ. ಮುಖವನ್ನು ಬೆಳ್ಳಗೆ ಮಾಡುವದೆಂದು ಸ್ಟೀರಾಯ್ಡ್ ಬೆರೆತ ಲೇಪವನ್ನು ಹುಡುಗಿಯರಿಗೆ ಕೊಡಲೇಬೇಡಿರಿ. 2018ರಲ್ಲಿ ಭಾರತ ಸರಕಾರವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮಮಾಡಿದ್ದು ಈ ಅಪಾಯಕ್ಕಾಗಿಯೇ. ಹಾಗೆಂದು ವೈದ್ಯರೇ ಕೊಟ್ಟ ಮುಲಾಮಿಗೆ ಹೆದರಿ ಅದನ್ನು ನಡುವೆ ಬಿಡುವದೂ ತಪ್ಪು. ಅವರು ಹೇಳಿದಷ್ಟು ಪ್ರಮಾಣದಲ್ಲಿ, ಹೇಳಿದಷ್ಟು ದಿನ ಹಚ್ಚಿದರೆ ಅದು ಹಿತವನ್ನೇ ಮಾಡುವದು.

ಎರಡನೆಯದಾಗಿ, ಚರ್ಮದ ಮೇಲೆ ಕಾಣುವದು ಸ್ವಲ್ಪವೆಂದು ಮಗುವಿನ ಬಾಧೆಯೂ ಸ್ವಲ್ಪವೆಂದು ತಿಳಿಯಬೇಡಿರಿ. ಆ ಹುಡುಗಿಯು ತಕ್ಕ ಚಿಕಿತ್ಸೆಯಿಂದ ಸುಧಾರಿಸಿಕೊಂಡು, ಮೊಣಕೈ ಕಾಣುವ ಅಂಗಿಯನ್ನು ತೊಟ್ಟು ತರಗತಿಗೆ ಬಂದ ದಿನ, ನಾವು ಅವಳ ಬಳಿಗೆ ಹೋಗಿ ಗದರಿಸಿದ್ದಕ್ಕಾಗಿ ಕ್ಷಮೆಯನ್ನು ಕೇಳಿದೆವು. ದೂರ ಸರಿದಿದ್ದ ಪಕ್ಕದ ಹುಡುಗಿಯು ತಾನಾಗಿಯೇ ಮತ್ತೆ ಹತ್ತಿರಕ್ಕೆ ಬಂದು ಕುಳಿತಳು. ಯೋಬನ ಸ್ನೇಹಿತರು ಮಾತಾಡತೊಡಗುವದಕ್ಕೆ ಮುಂಚೆ ಏಳು ದಿವಸ ಅವನ ಸಂಗಡ ಸುಮ್ಮನೆ ಕುಳಿತಿದ್ದರು. ಅವರು ಮಾಡಿದ್ದರಲ್ಲಿ ಅದೇ ಉತ್ತಮವಾದದ್ದು. ಯಂತ್ರದ ಕಣ್ಣು ನಮ್ಮಲ್ಲಿಲ್ಲ. ಆದರೆ ತೀರ್ಪು ಹೇಳುವ ಮೊದಲು ಮಗುವಿನ ಹತ್ತಿರ ಕುಳಿತು, ಹೇಗಿದ್ದೀಯಮ್ಮಾ ಎಂದು ಕೇಳುವ ಬಾಯಿಯನ್ನೂ, ಅವಳ ಉತ್ತರವನ್ನು ನಂಬುವ ಹೃದಯವನ್ನೂ ದೇವರು ನಮ್ಮೆಲ್ಲರಿಗೂ ಅನುಗ್ರಹಿಸಿದ್ದಾನೆ.